ಟರ್ಬೋ ಗಾಡಿ ಎಕ್ಸಾಸ್ಟ್ ಲೀಕ್ ರಿಪೇರಿ: ಬೆಂಗಳೂರಿನ ಜೆ.ಸಿ. ರೋಡ್ ಹಿಂದಿನ ಒಂದು ಚಿಕ್ಕ ಗ್ಯಾರೇಜ್

ಹಳೇ ಸ್ವಿಫ್ಟ್ ಡೀಸೆಲ್, ಅಂದ್ರೆ ಆ 1248 ಸಿಸಿ ಟರ್ಬೋ ಇಂಜಿನ್ ಇರೋ ಗಾಡಿ ಇಟ್ಕೊಂಡಿರೋರು ಇದನ್ನ ಓದ್ಲೇಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಟಕ್ ಟಕ್ ಅಂತ ಸೌಂಡ್, ಇಂಜಿನ್ ಬಿಸಿ ಆಗ್ತಾ ಆಗ್ತಾ ಅದು ಕಮ್ಮಿ ಆಗೋದು, ಪಿಕಪ್ ಇಲ್ಲ, ಆಕ್ಸಿಲರೇಟರ್ ಒತ್ತಿದ್ರೆ ಹಿಂದೆ ಕಪ್ಪು ಹೊಗೆ, ಇಷ್ಟೂ ಇದ್ರೆ ಟರ್ಬೋಗೆ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಫ್ಯಾನ್) ದುಡ್ಡು ಸುರಿಯೋ ಮುಂಚೆ ಎಕ್ಸಾಸ್ಟ್ ಲೀಕ್, ಅಂದ್ರೆ ಹೊಗೆ ಹೊರಗೆ ಹೋಗೋ ದಾರಿಲಿ ಸೋರಿಕೆ, ಇದ್ಯಾ ಅಂತ ನೋಡಿಸಿ. ನನ್ನ ಗಾಡಿಗೆ ಬೇರೆ ಒಂದು ಕಡೆ ಬಾನೆಟ್ ಎತ್ತಿ ನೋಡಿ "ಟರ್ಬೋ ಹೋಗಿದೆ ಸರ್, ಹೊಸದು ಹಾಕ್ಬೇಕು" ಅಂದಿದ್ರು, ಒಂದು ನಟ್ ಕೂಡ ಬಿಚ್ಚದೇನೇ!

ಆಮೇಲೆ ಹೋಗಿದ್ದು ಜೆ.ಸಿ. ರೋಡ್ ಹಿಂದಿನ ಈ ಗ್ಯಾರೇಜಿಗೆ. ಇಲ್ಲಿ ಸರಿಯಾದ ಬೋರ್ಡೂ ಇಲ್ಲ, ಆದ್ರೆ ಮೇಸ್ತ್ರಿ ಕೆಲಸ ಮಾತ್ರ ಅಪ್ಪಟ. ಮೊದ್ಲು ಇಂಜಿನ್ ಪೂರ್ತಿ ತಣ್ಣಗಾಗ್ಲಿ ಅಂತ ಬಿಟ್ರು. ಆಮೇಲೆ ಸೈಲೆನ್ಸರ್ ಬಾಯಿಗೆ ಬ್ಲೋವರ್ ಪೈಪ್ ಕೊಟ್ಟು ಸುತ್ತ ಬಟ್ಟೆ ತುರುಕಿ, ಹೀಟ್ ಶೀಲ್ಡ್ (ಬಿಸಿ ತಡೆಯೋ ತಗಡು) ತೆಗ್ದು ಒಂದೊಂದು ಜಾಯಿಂಟಿಗೂ ಸೋಪ್ ನೀರು ಹೊಡೀತಾ ಬಂದ್ರು. ಕೊನೇ ಸಿಲಿಂಡರ್ ಹತ್ರ, ಮ್ಯಾನಿಫೋಲ್ಡು (ಎಲ್ಲಾ ಸಿಲಿಂಡರ್ ಹೊಗೆನೂ ಒಟ್ಟು ಸೇರ್ಸೋ ಕವಲು ಪೈಪ್) ಇಂಜಿನ್ ಹೆಡ್ಡಿಗೆ, ಅಂದ್ರೆ ಇಂಜಿನ್ ಮೇಲ್ಭಾಗಕ್ಕೆ, ಕೂರೋ ಜಾಗದಲ್ಲಿ ಬುಳುಬುಳು ಗುಳ್ಳೆ ಬಂತು, ಅಲ್ಲೇ ಮಸಿನೂ ಹಿಡಿದಿತ್ತು. ನನ್ನನ್ನ ಕರೆದು ಟಾರ್ಚ್ ಬಿಟ್ಟು ತೋರ್ಸಿದ್ರು.

ಟರ್ಬೋ ತಿರುಗೋದೇ ಇಂಜಿನ್ನಿಂದ ಹೊರಗೆ ಬರೋ ಬಿಸಿ ಗ್ಯಾಸಿಂದ. ಅದು ಟರ್ಬೋ ಮುಟ್ಟೋ ಮುಂಚೆನೇ ಸೋರಿ ಹೋದ್ರೆ ಬೂಸ್ಟ್, ಅಂದ್ರೆ ಗಾಳಿ ಒತ್ತಡ, ಕಟ್ಟಲ್ಲ, ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿಯುತ್ತೆ, ಆ ಕಪ್ಪು ಹೊಗೆ ಅದೇ. ಟರ್ಬೋ ದಾಟಿದ್ಮೇಲೆ, ಫ್ಲೆಕ್ಸ್ ಪೈಪ್ (ಬಳುಕೋ ಪೈಪ್) ಕಡೆ ಲೀಕ್ ಆದ್ರೆ ಪಿಕಪ್ ಅಷ್ಟೇನೂ ಬೀಳಲ್ಲ, ಸೌಂಡ್ ಜಾಸ್ತಿ ಆಗುತ್ತೆ. ಎಲ್ಲೇ ಇರ್ಲಿ, ಒಳಗೆ ಹೊಗೆ ವಾಸನೆ ಬಂದ್ರೆ ದಯವಿಟ್ಟು ತಡ ಮಾಡ್ಬೇಡಿ, ಆ ಹೊಗೆ ಜೊತೆ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗ್ಯಾಸಿಗೆ ವಾಸನೆನೇ ಇಲ್ಲ, ಹಿಂದಿನ ಸೀಟಲ್ಲಿ ಮಕ್ಕಳು ಮಲಗಿರ್ತಾರೆ.

"ಪೇಸ್ಟ್ ಹಚ್ಚಿದ್ರೆ ನಿಲ್ಲಲ್ವಾ ಅಣ್ಣ" ಅಂತ ಕೇಳಿದ್ದಕ್ಕೆ "ಸೈಲೆನ್ಸರ್ ಕಡೆ ಆದ್ರೆ ಸ್ವಲ್ಪ ದಿನ ನಿಲ್ಲುತ್ತೆ ಸರ್, ಇಲ್ಲಿ ಪ್ರೆಷರ್ರೂ ಜಾಸ್ತಿ ಬಿಸಿನೂ ಜಾಸ್ತಿ, ಕಿತ್ಕೊಂಡು ಬರುತ್ತೆ" ಅಂದ್ರು. ಸರಿಯಾದ ಮಾತು, ಫುಲ್ ಲೋಡಲ್ಲಿ ಅಲ್ಲಿ 700 ಡಿಗ್ರಿ ದಾಟುತ್ತೆ.

ನಂಗೆ ತುಂಬಾ ಇಷ್ಟ ಆಗಿದ್ದು ಸ್ಟಡ್ (ಮ್ಯಾನಿಫೋಲ್ಡನ್ನ ಹೆಡ್ಡಿಗೆ ಹಿಡಿದಿಡೋ ಬೋಲ್ಟ್) ಬಿಚ್ಚಿದ ರೀತಿ. ತುಕ್ಕು ಹಿಡಿದಿರೋ ಸ್ಟಡ್ಡಿಗೆ ಸ್ಪ್ಯಾನರ್ ಹಾಕಿ ಜೋರಾಗಿ ತಿರುವಿದ್ರೆ ಹೆಡ್ ಒಳಗೆ ತುಂಡಾಗುತ್ತೆ, ಅದನ್ನ ಡ್ರಿಲ್ ಮಾಡಿ ತೆಗೀಬೇಕು, ಕೆಲವು ಸಲ ಹೆಡ್ಡೇ ಇಳಿಸ್ಬೇಕಾಗುತ್ತೆ, ಖರ್ಚು ಎಲ್ಲಿಗೋ ಹೋಗುತ್ತೆ. ಇವ್ರು ಹಿಂದಿನ ರಾತ್ರಿನೇ ಆಯಿಲ್ ಬಿಟ್ಟು ನೆನೆಸಿ, ಮಾರನೇ ದಿನ ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಆಡ್ಸಿ ಎಲ್ಲಾನೂ ಇಡಿಯಾಗಿ ತೆಗೆದ್ರು. ಬಿಚ್ಚಿದ ಮ್ಯಾನಿಫೋಲ್ಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ತೂರಿಸಿ ನೋಡಿದ್ರೆ ತುದಿಲಿ ಬಾಗಿತ್ತು. ಹಾಗೇ ಹೊಸ ಪ್ಯಾಕಿಂಗ್ (ಜಾಯಿಂಟ್ ಸಂದು ಮುಚ್ಚೋ ಗ್ಯಾಸ್ಕೆಟ್) ಹಾಕಿದ್ರೆ ಮತ್ತೆ ಅದೇ ಕಥೆ, ಅದಕ್ಕೆ ಲೇತ್ ಅಂಗಡಿಗೆ ಕಳಿಸಿ ಮಟ್ಟ ಮಾಡಿಸಿ, ಸ್ಟೀಲ್ ಪ್ಯಾಕಿಂಗ್, ಹೊಸ ಸ್ಟಡ್, ಹೊಸ ನಟ್ ಹಾಕಿ ಮಧ್ಯದಿಂದ ಹೊರಗಡೆಗೆ ಅಳತೆ ಇಟ್ಟು ಬಿಗಿ ಮಾಡೋ ಟಾರ್ಕ್ ರೆಂಚಲ್ಲೇ ಟೈಟ್ ಮಾಡಿದ್ರು. ಒಂದು ರೌಂಡ್ ಓಡಿಸಿ ತಣ್ಣಗಾದ್ಮೇಲೆ ಮತ್ತೆ ಸೋಪ್ ನೀರು.

ಎಲ್ಲ ಸೇರಿ ಹೊಸ ಟರ್ಬೋ ರೇಟಿನ ಕಾಲು ಭಾಗನೂ ಆಗ್ಲಿಲ್ಲ. ಶಿರಾಡಿ ಘಾಟ್ ಹತ್ತುವಾಗ ಸೆಕೆಂಡ್ ಗೇರಲ್ಲಿ ಏದುಸಿರು ಬಿಡ್ತಿದ್ದ ಗಾಡಿ ಈಗ ಥರ್ಡಲ್ಲೇ ಆರಾಮಾಗಿ ಎಳೆಯುತ್ತೆ, ಹೊಗೆ ಇಲ್ಲ.

ಕೊರತೆ ಅಂದ್ರೆ ಜಾಗ ತುಂಬಾ ಇಕ್ಕಟ್ಟು, ಹೇಳಿದ ಟೈಮಿಗೆ ಗಾಡಿ ಸಿಗಲ್ಲ, ಬಿಲ್ಲು ಕೇಳಿ ಬರೆಸ್ಕೋಬೇಕು. ಹೀಟ್ ಶೀಲ್ಡ್ ಮನೆಗೆ ಬಂದ್ಮೇಲೆ ಗಡಗಡ ಅಂತಿತ್ತು, ವಾಪಸ್ ಹೋದಾಗ ದುಡ್ಡು ತಗೊಳ್ದೆ ಸರಿ ಮಾಡಿಕೊಟ್ರು. ಹೋಗೋರು ಗಾಡಿನ ಹಿಂದಿನ ಸಂಜೆನೇ ಬಿಟ್ಟು ಬನ್ನಿ, ಆ ಟಕ್ ಟಕ್ ಸೌಂಡ್ ಮೇಸ್ತ್ರಿಗೆ ಕೇಳಿಸ್ಬೇಕು ಅಂದ್ರೆ ಬೆಳಿಗ್ಗೆ ಮೊದಲ್ನೇ ಸ್ಟಾರ್ಟ್ ಅವ್ರ ಮುಂದೆನೇ ಆಗ್ಬೇಕು.