ಶುಕ್ರವಾರದ ಊಟಕ್ಕೆ ಅನುದಾನ: ಬೆಂಗಳೂರಿನ ಯಹೂದಿ ಪಂಕ್ತಿಗೆ ಯಾವ ಮಾದರಿ ಒಗ್ಗುತ್ತದೆ?

ಮುಂಬೈಯಲ್ಲಿ 1796ರಲ್ಲಿ ಸ್ಥಾಪನೆಯಾದ ಶಾರ್ ಹರಹಮೀಮ್ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಇದೆ, ಕೊಚ್ಚಿಯಲ್ಲಿ 1568ರ ಪರದೇಸಿ ಸಿನಗಾಗ್ ಇದೆ. ಬೆಂಗಳೂರಿನಲ್ಲಿ ಯಹೂದಿಗಳ ಹಳೆಯ ಗುರುತು ಅಂತ ತೋರಿಸಬಹುದಾದದ್ದು ಮೈಸೂರು ರಸ್ತೆಯ ಪುಟ್ಟ ಸ್ಮಶಾನ ಒಂದೇ. ಕೊಂಕಣ ಮೂಲದ ಬೆನೆ ಇಸ್ರೇಲ್ ಕುಟುಂಬ, ಐಟಿ ಕಂಪನಿಗೆ ಎರಡು ವರ್ಷಕ್ಕೆಂದು ಬಂದ ಇಸ್ರೇಲಿ, ಹೆಂಡತಿ ಕೊಚ್ಚಿ ಯಹೂದಿ ಗಂಡ ಮಂಡ್ಯದ ಗೌಡರ ಮನೆಯವನು, ಇಂಥವರೆಲ್ಲ ಸೇರುವುದು ಯಾರದೋ ಮನೆಯ ಹಾಲ್‌ನಲ್ಲಿ, ಶುಕ್ರವಾರ ಸಂಜೆ, ಶಬ್ಬಾತ್ (ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗಿನ ವಾರದ ವಿಶ್ರಾಂತಿ ದಿನ) ಊಟಕ್ಕೆ. ಹಾಗಾಗಿ ಈ ಊರಲ್ಲಿ ಸಮುದಾಯವನ್ನು ಬಲಪಡಿಸುವ ಅನುದಾನ ಅಂದರೆ ಕಟ್ಟಡದ ಮಾತಲ್ಲ, ಊಟದ ಮೇಜಿನ ಮಾತು. ಯಹೂದಿ ಲೋಕದಲ್ಲಿ ಹೆಸರು ಮಾಡಿರುವ ಮೂರು ಅನುದಾನ ಮಾದರಿಗಳನ್ನು ಆ ಮೇಜಿನ ಮುಂದಿಟ್ಟು ನೋಡಿದರೆ ಹೇಗೆ ಕಾಣುತ್ತವೆ ಅನ್ನುವುದೇ ಈ ವಿಮರ್ಶೆ. ಅಳತೆಗೋಲು ಒಂದೇ, ನಮ್ಮ ಕಡೆಯದೇ: ಪಂಕ್ತಿಭೇದ ಇದೆಯೋ ಇಲ್ಲವೋ.

ಮೊದಲನೆಯದು ಪಿಜೆ ಲೈಬ್ರರಿ. ಅಮೆರಿಕದ ಹೆರಾಲ್ಡ್ ಗ್ರಿನ್‌ಸ್ಪೂನ್ ಪ್ರತಿಷ್ಠಾನ 2005ರಲ್ಲಿ ಶುರು ಮಾಡಿದ್ದು. ಮಕ್ಕಳಿರುವ ಮನೆಗೆ ವಯಸ್ಸಿಗೆ ತಕ್ಕ ಯಹೂದಿ ಕಥೆಪುಸ್ತಕ ಅಂಚೆಯಲ್ಲಿ ಪುಕ್ಕಟೆಯಾಗಿ ಬರುತ್ತದೆ. ಖರ್ಚನ್ನು ಆಯಾ ಊರಿನ ಸಂಸ್ಥೆಗಳೂ ಹಂಚಿಕೊಳ್ಳುತ್ತವೆ. ಇದರ ಜಾಣತನ ಇರುವುದು ಫಲಾನುಭವಿ ಏನನ್ನೂ ಸಾಬೀತು ಮಾಡಬೇಕಿಲ್ಲ ಅನ್ನುವುದರಲ್ಲಿ. ತಾಯಿ ಯಹೂದಿಯೋ ತಂದೆಯೋ ಎಂಬ ವಿಚಾರಣೆ ಇಲ್ಲದೆ ಮಿಶ್ರ ಮದುವೆಯ ಮನೆಗೂ ಅದೇ ಪುಸ್ತಕ ಹೋಗುತ್ತದೆ. ಕಾನೂನಿನ ಕಡೆಯಿಂದಲೂ ಈ ಮಾದರಿ ಹಗುರ: ಸ್ವಂತ ಬಳಕೆಗೆ ಬರುವ ಸಣ್ಣ ಬೆಲೆಯ ಉಡುಗೊರೆ ವಿದೇಶಿ ದೇಣಿಗೆಯ ಲೆಕ್ಕಕ್ಕೆ ಸೇರುವುದಿಲ್ಲ. ಕೊರಿಯರ್‌ನಲ್ಲಿ ಬಂದರೆ ಕಸ್ಟಮ್ಸ್‌ಗಾಗಿ ಕೆವೈಸಿ ಕೊಡಬೇಕು, ಅಷ್ಟೇ. ಕೊರತೆ ಅಂದರೆ ಪುಸ್ತಕ ಮನೆಯೊಳಗೇ ಉಳಿಯುತ್ತದೆ. ನಾಲ್ಕು ಮನೆಯವರನ್ನು ಒಂದು ಚಾಪೆಗೆ ತರುವುದಿಲ್ಲ. ಐದಕ್ಕೆ ಮೂರೂವರೆ.

ಎರಡನೆಯದು 2014ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಒನ್‌ಟೇಬಲ್. ಯುವಕ ಯುವತಿಯರು ತಮ್ಮ ಮನೆಯಲ್ಲಿ ಶಬ್ಬಾತ್ ಊಟ ಇಟ್ಟುಕೊಂಡರೆ ತಲೆಗೆ ಇಷ್ಟು ಅಂತ ಲೆಕ್ಕ ಹಾಕಿ ಹಣ ಕೊಡುತ್ತದೆ. ಬರುವ ಅತಿಥಿ ಯಹೂದಿಯೇ ಆಗಿರಬೇಕೆಂಬ ಕಟ್ಟಳೆ ಇಲ್ಲ. ರಚನೆಯ ಮಟ್ಟಿಗೆ ಈ ಮೂರರಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ. ಕಾರಣ ಸರಳ: ತಲೆ ಎಣಿಸಿ ಕೊಡುವ ಹಣ ಕುಲ ಕೇಳುವುದಿಲ್ಲ. ಆದರೆ ಅದು ಅಮೆರಿಕ, ಕೆನಡಾಗಳ ವ್ಯವಸ್ಥೆ. ಅದನ್ನೇ ನಕಲು ಮಾಡಿ ಹೊರದೇಶದ ಪ್ರತಿಷ್ಠಾನವೊಂದು ಬೆಂಗಳೂರಿನ ಆತಿಥೇಯರ ಉಳಿತಾಯ ಖಾತೆಗೆ ನೇರ ಹಣ ಹಾಕಿದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಎದುರು ನಿಲ್ಲುತ್ತದೆ. ವ್ಯಕ್ತಿಯೇ ಆದರೂ ಕಾರ್ಯಕ್ರಮ ನಡೆಸಲು ವಿದೇಶಿ ಹಣ ಪಡೆಯಬೇಕಾದರೆ ಅನುಮತಿ ಬೇಕು. ಮಾದರಿಗೆ ನಾಲ್ಕೂವರೆ, ಇಲ್ಲಿ ಹಾಗೇ ತಂದರೆ ಒಂದು.

ಮೂರನೆಯದು 2006ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಶುರುವಾದ ಮೊಯಿಶೆ ಹೌಸ್; ಈಗ ಮೆಮ್ ಗ್ಲೋಬಲ್ ಅಂತ ಹೆಸರು ಬದಲಾಗಿದೆ. ಕೆಲವು ಯುವಜನ ಒಂದೇ ಮನೆಯಲ್ಲಿ ಇದ್ದು ತಿಂಗಳಿಗೆ ಇಂತಿಷ್ಟು ಕಾರ್ಯಕ್ರಮ ನಡೆಸಿದರೆ ಬಾಡಿಗೆಯಲ್ಲಿ ಪಾಲು ಸಿಗುತ್ತದೆ. ಬೆಂಗಳೂರಿಗೆ ಬಂದರೆ ಬಾಡಿಗೆಗಿಂತ ಮೊದಲು ಕಾಡುವುದು ಅಡ್ವಾನ್ಸ್. ಹನ್ನೊಂದು ತಿಂಗಳ ಕರಾರು, ಅದರ ಮೇಲೆ ಹಲವು ತಿಂಗಳ ಬಾಡಿಗೆಯಷ್ಟು ಠೇವಣಿ. ಯಾವ ಅನುದಾನದ ಅರ್ಜಿಯಲ್ಲೂ ಇದಕ್ಕೆ ಕಾಲಂ ಇರುವುದಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ಜನ ಬಂದು ಹೋಗುವ ಬ್ಯಾಚುಲರ್ ಮನೆ ಅಂದರೆ ಓನರ್ ಏನನ್ನುತ್ತಾರೆ ಅಂತ ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು.

ಇನ್ನು ಹಣ ಬರುವ ದಾರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅರ್ಜಿಗಳು ಮುಗ್ಗರಿಸುವುದು ಇಲ್ಲಿಯೇ. ಎಫ್‌ಸಿಆರ್‌ಎ ನೋಂದಣಿಗೆ ಸಂಸ್ಥೆ ಹುಟ್ಟಿ ಮೂರು ವರ್ಷವಾಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಚಟುವಟಿಕೆಗೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹತ್ತಿಪ್ಪತ್ತು ಮನೆಯ ಗುಂಪು ಅಷ್ಟು ಖರ್ಚು ತೋರಿಸುವ ಮಾತೇ ಇಲ್ಲ. ಉಳಿಯುವುದು ಒಬ್ಬ ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕೆಲಸಕ್ಕೆ ಪೂರ್ವಾನುಮತಿ ಪಡೆಯುವ ದಾರಿ. ಅದಕ್ಕೆ ದಾನಿಯ ಬದ್ಧತಾ ಪತ್ರ ಬೇಕು. ಯಾವ ದಾರಿ ಹಿಡಿದರೂ ಹಣ ಮೊದಲು ಇಳಿಯಬೇಕಾದದ್ದು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು ಶೇ 20 ದಾಟುವಂತಿಲ್ಲ. ಎಫ್‌ಸಿ-4 ವಾರ್ಷಿಕ ವರದಿಗೆ ಡಿಸೆಂಬರ್ 31 ಗಡುವು. ಆ ವರ್ಷ ಒಂದು ಪೈಸೆ ಬಾರದಿದ್ದರೂ ಸೊನ್ನೆ ತುಂಬಿ ಕಳಿಸಲೇಬೇಕು.

ಹೊರಗಿನ ದಾನಿಗಳು ಮತ್ತೆ ಮತ್ತೆ ಎಡವುವ ಕಲ್ಲು ಇನ್ನೊಂದಿದೆ. "ಮುಂಬೈಯಲ್ಲಿ ನೋಂದಣಿಯಾದ ಟ್ರಸ್ಟ್ ಇದೆಯಲ್ಲ, ಅವರಿಗೆ ಕಳಿಸುತ್ತೇವೆ, ಅವರು ಬೆಂಗಳೂರಿಗೆ ದಾಟಿಸಲಿ" ಅನ್ನುತ್ತಾರೆ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ದಾಟಿಸುವುದು ಪೂರ್ತಿ ನಿಷಿದ್ಧ, ಪಡೆಯುವವರಿಗೂ ಎಫ್‌ಸಿಆರ್‌ಎ ಇದ್ದರೂ ಸಹ. ಕಾನೂನಿನೊಳಗೆ ಉಳಿಯುವ ಉಪಾಯ ಒಂದಿದೆ. ಆ ಮುಂಬೈ ಟ್ರಸ್ಟೇ ಬೆಂಗಳೂರಿನ ಕಾರ್ಯಕ್ರಮವನ್ನು ತನ್ನದಾಗಿ ನಡೆಸಬೇಕು. ಹಾಲ್ ಬಾಡಿಗೆ, ಅಡುಗೆ ಕಾಂಟ್ರಾಕ್ಟರ್, ಕ್ಯಾಬ್ ಎಲ್ಲದರ ಬಿಲ್ ಅದರ ಹೆಸರಿಗೇ ಆಗಬೇಕು. ಹಣ ಅದರ ಖಾತೆಯಿಂದ ನೇರ ಮಾರಾಟಗಾರನಿಗೆ ಹೋಗಬೇಕು. ಬಿಲ್‌ನಲ್ಲಿ "ನಗದು, ಸ್ವೀಕರಿಸಿದವರು: ಆತಿಥೇಯರು" ಅಂತ ಬರೆದ ಕ್ಷಣ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ.

ಅಶ್ದೋದ್‌ನಲ್ಲೋ ದಿಮೋನಾದಲ್ಲೋ ನೆಲೆಸಿ ಇಸ್ರೇಲ್ ಪೌರತ್ವ ಪಡೆದ ಸೋದರಮಾವ ಟ್ರಸ್ಟ್‌ಗೆ ಕಳಿಸುವ ಹಣವೂ ವಿದೇಶಿ ದೇಣಿಗೆಯೇ; ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡಿರುವ ಎನ್‌ಆರ್‌ಐ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅಲ್ಲ. ದಾನಿಯ ಪಾಸ್‌ಪೋರ್ಟ್ ಪ್ರತಿಯನ್ನು ರಸೀದಿ ಜೊತೆ ಲಗತ್ತಿಸಿಡಿ.

ದಾರಿ ಇಷ್ಟು ಇಕ್ಕಟ್ಟಾದ್ದರಿಂದ ಶುಕ್ರವಾರದ ಊಟಕ್ಕೆ ಊರೊಳಗಿನ ಹಣವೇ ಮೇಲು ಅನ್ನುವುದು ನಮ್ಮ ಅಭಿಪ್ರಾಯ. ಅದಕ್ಕೆ ಟ್ರಸ್ಟ್ ಡೀಡ್ ಸರಿ ಇರಬೇಕು. "ಬೆಂಗಳೂರಿನ ಯಹೂದಿಗಳ ಕ್ಷೇಮಕ್ಕಾಗಿ" ಅಂತ ಪ್ರೀತಿಯಿಂದ ಬರೆದ ಸಾಲನ್ನೇ ಆಡಿಟರ್ ಮೊದಲು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ: "ಇದಿದ್ರೆ ಏಯ್ಟಿ-ಜಿ ಮರೆತುಬಿಡಿ ಸಾರ್." (80ಜಿ ಅಂದರೆ ದಾನಿಗೆ ಸಿಗುವ ತೆರಿಗೆ ಕಡಿತ.) 1961ರ ಆದಾಯ ತೆರಿಗೆ ಕಾಯ್ದೆಯ 13(1)(ಬಿ) ಪ್ರಕಾರ ಒಂದೇ ಧರ್ಮದವರ ಅಥವಾ ಜಾತಿಯವರ ಲಾಭಕ್ಕೆಂದು ಕಟ್ಟಿದ ದತ್ತಿ ಟ್ರಸ್ಟ್‌ಗೆ ವಿನಾಯಿತಿ ಸಿಗುವುದಿಲ್ಲ. (2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಕಲಂ ಸಂಖ್ಯೆ ಬದಲಾಗುವುದರಿಂದ ಹಳೆಯ ಮಾದರಿ ಡೀಡ್ ನಕಲು ಮಾಡಬೇಡಿ.) ಅದರ ಬದಲು "ಯಹೂದಿ ಪರಂಪರೆ, ಭಾಷೆ, ಅಡುಗೆ, ಹಬ್ಬಗಳ ಅರಿವನ್ನು ಜಾತಿ, ಧರ್ಮ, ಲಿಂಗಭೇದವಿಲ್ಲದೆ ಸಾರ್ವಜನಿಕರೆಲ್ಲರಿಗೂ ತಲುಪಿಸುವುದು" ಅಂತ ಬರೆಸಿ. ಬರೆದರೆ ಸಾಲದು, ಹಾಗೆ ನಡೆದುಕೊಳ್ಳಬೇಕು: ಮಂಡ್ಯದ ಗಂಡನ ತಾಯಿಗೂ ಪಕ್ಕದ ಮನೆಯವರಿಗೂ ಎಲೆ ಹಾಕಿರಬೇಕು. ಎಲ್ಲರನ್ನೂ ಒಳಗೊಳ್ಳುವುದು ಇಲ್ಲಿ ಧರ್ಮವೂ ಹೌದು, ತೆರಿಗೆ ಉಳಿಸುವ ದಾರಿಯೂ ಹೌದು. ಎರಡೂ ಒಂದೇ ಸಾಲಿನಲ್ಲಿ ಸಿಗುವುದು ಅಪರೂಪ. ಅಂದಹಾಗೆ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗೆ 80ಜಿ ಕಡಿತ ದೊರೆಯುವುದಿಲ್ಲ. 2,000 ರೂಪಾಯಿ ಮೀರಿದ ನಗದಿಗಂತೂ ಯಾರಿಗೂ ಇಲ್ಲ. ಸಿಎಸ್ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣ ಕಟ್ಟಡಕ್ಕೆ ಒಲಿಯುತ್ತದೆ, ಊಟಕ್ಕಲ್ಲ. ಮುಂಬೈಯ 1884ರ ಕೆನೆಸೆತ್ ಎಲಿಯಾಹೂ ಸಿನಗಾಗ್ 2019ರಲ್ಲಿ ಜೀರ್ಣೋದ್ಧಾರವಾಗಿ ನಿಂತದ್ದರ ಹಿಂದೆ ಕಾರ್ಪೊರೇಟ್ ಪ್ರತಿಷ್ಠಾನದ ನೆರವಿತ್ತು. ಕೇಂದ್ರ ಸರ್ಕಾರ ಅಧಿಸೂಚಿಸಿದ ಆರು ಅಲ್ಪಸಂಖ್ಯಾತ ಸಮುದಾಯಗಳ ಪಟ್ಟಿಯಲ್ಲಿ ಯಹೂದಿಗಳಿಲ್ಲ, ಹಾಗಾಗಿ ಆ ಬಾಗಿಲು ತಟ್ಟಿ ಫಲವಿಲ್ಲ.

ಈಗ ಮೇಜಿಗೆ ಬರೋಣ. ಒಳ್ಳೆಯ ಅನುದಾನ ಯಾವುದು, ತೋರಿಕೆಯದು ಯಾವುದು ಅಂತ ಗೊತ್ತಾಗುವುದು ಬಜೆಟ್‌ನ ಸಣ್ಣ ಸಾಲುಗಳಲ್ಲಿ.

ಮೊದಲ ಕಂತು ಪಾತ್ರೆಗೆ ಹೋಗಲಿ. ಶಾಮಿಯಾನ ಅಂಗಡಿಯ ಬಾಡಿಗೆ ಪಾತ್ರೆ ಅಗ್ಗ, ಆದರೆ ಹಿಂದಿನ ವಾರ ಅದರಲ್ಲಿ ಬಿರಿಯಾನಿ ಬೆಂದಿರುತ್ತದೆ. ಕೋಷರ್ (ಯಹೂದಿ ಆಹಾರ ನಿಯಮ) ಪಾಲಿಸುವವರು ಮುಟ್ಟುವುದಿಲ್ಲ. ಚಿಕ್ಕಪೇಟೆ ಕಡೆ ಹೊಸ ಸ್ಟೀಲ್ ಪಾತ್ರೆ, ಹನ್ನೆರಡು ತಟ್ಟೆ ತಂದು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಕೋಷರ್ ಮಾಂಸ ಇಲ್ಲಿ ಸುಲಭಕ್ಕೆ ಸಿಗದಿರುವುದು ಒಂದು ಲೆಕ್ಕದಲ್ಲಿ ಅನುಕೂಲವೇ: ಅಡುಗೆ ಪೂರ್ತಿ ಸಸ್ಯಾಹಾರಿ ಮಾಡಿದರೆ ಹಾಲು, ಮಾಂಸ ಬೇರೆಯಿಡುವ ಗೊಡವೆ ಇಲ್ಲ, ಬೀಗರ ಕಡೆಯವರೂ ಕೂತು ಉಣ್ಣುತ್ತಾರೆ. ಊಟಕ್ಕೆ ಮೊದಲಿನ ಪ್ರಾರ್ಥನೆಯ ದ್ರಾಕ್ಷಾರಸಕ್ಕೆ ಆಮದು ಬಾಟಲಿ ಬೇಕಿಲ್ಲ. ಬೆನೆ ಇಸ್ರೇಲ್ ಮನೆಗಳ ರೂಢಿಯಂತೆ ಕಾಲು ಕೆಜಿ ಕಪ್ಪು ಒಣದ್ರಾಕ್ಷಿಯನ್ನು ತೊಳೆದು ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಕಿವುಚಿ ಸೋಸಿದರೆ ಹನ್ನೆರಡು ಪುಟ್ಟ ಲೋಟಕ್ಕೆ ಸಾಕು. ವಿಶೇಷ ದಿನವಾದರೆ ಪ್ರವಾದಿ ಎಲಿಯನ ಹೆಸರಿನ ಮಲೀದಾ ಇರುತ್ತದೆ: ಅರ್ಧ ಕೆಜಿ ಅವಲಕ್ಕಿ, ಒಂದು ತೆಂಗಿನಕಾಯಿಯ ತುರಿ, ಕಾಲು ಕೆಜಿ ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ, ಮೇಲೆ ಹಣ್ಣು. ಪೇಪರ್ ಅವಲಕ್ಕಿ ತಂದರೆ ಮುದ್ದೆಯಾಗುತ್ತದೆ, ಗಟ್ಟಿಯದು ನೆನೆಯಲು ಹೆಚ್ಚು ಹೊತ್ತು ಬೇಕು. ಮೀಡಿಯಂ ತೊಳೆದು ಸೋಸಿ ಹತ್ತು ನಿಮಿಷ ಬಿಡಿ.

ಹುಳಿ ಬರುವ ಗೋಧಿ ಪದಾರ್ಥ ವರ್ಜ್ಯವಾದ ಪೆಸಾಖ್ ಹಬ್ಬದ ವಾರ ಮಾತ್ರ ಎಚ್ಚರ ಬೇಕು. ರವೆ, ಮೈದಾ ಬಿಟ್ಟರಾಯಿತು ಅಂದುಕೊಳ್ಳುವ ಅಡುಗೆಯವರು ಒಗ್ಗರಣೆಗೆ ಇಂಗು ಹಾಕಿಬಿಡುತ್ತಾರೆ. ಅಂಗಡಿಯ ಪುಡಿ ಇಂಗಿನ ಡಬ್ಬಿ ತಿರುಗಿಸಿ ಓದಿ: ಗೋಧಿ ಹಿಟ್ಟು ಸೇರಿರುವುದೇ ಹೆಚ್ಚು. ಅಷ್ಟಕ್ಕೇ ಇಡೀ ಸಾರು ಹೊರಗೆ. ಅಂಗಡಿಯ ಸಾಂಬಾರ್ ಪುಡಿಗೂ ಇದೇ ಮಾತು. ಬೆನೆ ಇಸ್ರೇಲಿಗಳು ಆ ವಾರ ಅನ್ನ ಉಣ್ಣುತ್ತಾರೆ, ಯುರೋಪ್ ಮೂಲದ ಅಶ್ಕೆನಾಝಿ ಅತಿಥಿಗಳಲ್ಲಿ ಅನೇಕರು ಉಣ್ಣುವುದಿಲ್ಲ; ಎರಡು ಕೆಜಿ ಆಲೂಗಡ್ಡೆ ಬೇರೆ ಬೇಯಿಸಿಡಿ.

ಹೊತ್ತು ಇನ್ನೊಂದು ತೊಡಕು. ಶಬ್ಬಾತ್ ಶುರುವಿಗೆ ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ಬೆಂಗಳೂರಿನಲ್ಲಿ ನವೆಂಬರ್‌ಗೆ ಅದು ಐದೂವರೆ ಸುಮಾರು, ಜುಲೈಗೆ ಆರೂವರೆ. ಸಿಲ್ಕ್ ಬೋರ್ಡ್ ದಾಟಬೇಕಾದವರು ಆಫೀಸಿಂದ ನಾಲ್ಕಕ್ಕೇ ಹೊರಡಬೇಕು, ದೀಪದ ನಂತರ ವಾಹನ ಹತ್ತದವರು ರಾತ್ರಿ ಅಲ್ಲೇ ಉಳಿಯಬೇಕು. ಹಾಗಾಗಿ ದೊಡ್ಡ ಹಾಲ್ ಒಂದಕ್ಕಿಂತ ಇಂದಿರಾನಗರದಲ್ಲೊಂದು, ವೈಟ್‌ಫೀಲ್ಡ್‌ನಲ್ಲೊಂದು ಸಣ್ಣ ಊಟ ವಾಸಿ. "ಕನಿಷ್ಠ 25 ಜನ" ಎಂಬ ಷರತ್ತಿರುವ ಅನುದಾನವನ್ನು ಅಲ್ಲಿಯೇ ಕೈಬಿಡಿ. ಪ್ರಾರ್ಥನೆಗೆ ಬೇಕಾದ ಮಿನ್ಯಾನ್ ಸಹ ಹತ್ತೇ ಜನರದ್ದು. ಆ ಹತ್ತರಲ್ಲಿ ಗಂಡಸರನ್ನಷ್ಟೇ ಎಣಿಸುವ ಪಂಥ ಉಂಟು, ಹೆಂಗಸರನ್ನೂ ಎಣಿಸುವ ಪಂಥ ಉಂಟು. ಊಟದ ಅನುದಾನ ಆ ತಕರಾರಿಗೆ ಕೈ ಹಾಕದೆ ತಟ್ಟೆ ಮಾತ್ರ ಎಣಿಸಲಿ.

ಮೆಟ್ಟಿಲಿನ ವಿಷಯ. ಬಾಗಿಲಲ್ಲಿ ಆರು ಇಂಚಿನ ಒಂದೇ ಮೆಟ್ಟಿಲಿದ್ದರೂ ಒಂದಕ್ಕೆ ಹನ್ನೆರಡರ ಇಳಿಜಾರಿಗೆ ಆರು ಅಡಿ ಉದ್ದದ ರ‍್ಯಾಂಪ್ ಬೇಕು. ಮೂರಡಿ ಹಲಗೆ ಅಡ್ಡ ಇಟ್ಟು ಫೋಟೊ ತೆಗೆದು "ಎಲ್ಲರಿಗೂ ಪ್ರವೇಶ" ಅಂತ ಬರೆಯುವ ವರದಿಗಳಿಗೆ ಕೊರತೆಯಿಲ್ಲ. ಗಾಲಿಕುರ್ಚಿ ಅದರ ಮೇಲೆ ಹಿಂದಕ್ಕೆ ವಾಲುತ್ತದೆ. ಮಡಚುವ ಲೋಹದ ರ‍್ಯಾಂಪ್ ಒಂದನ್ನು ಟ್ರಸ್ಟ್ ಆಸ್ತಿಯಾಗಿ ಕೊಂಡು ಮನೆಯಿಂದ ಮನೆಗೆ ಒಯ್ಯುವುದು ಸರಿಯಾದ ಖರ್ಚು. ಸಂಜ್ಞೆ ಭಾಷೆಯ ಅನುವಾದಕರು ಬೇಕಾದರೆ ಗಂಟೆ ಮೀರುವ ಕಾರ್ಯಕ್ರಮಕ್ಕೆ ಇಬ್ಬರ ಲೆಕ್ಕ ಬರೆಯಿರಿ, ಒಬ್ಬರ ಕೈ ಸೋಲುತ್ತದೆ. ವಯಸ್ಸಾದವರ ಕ್ಯಾಬ್ ಬಾಡಿಗೆಗೂ ಒಂದು ಸಾಲು ಇಡಿ. ಈ ಮೂರಕ್ಕೂ ಹಣವಿಲ್ಲದೆ ಮೇಲೆ "ಸರ್ವರಿಗೂ ಸ್ವಾಗತ" ಎಂಬ ಷರತ್ತಷ್ಟೇ ಇದ್ದರೆ ಊಟಕ್ಕಿಲ್ಲದ ಉಪ್ಪಿನಕಾಯಿ ಇದ್ದ ಹಾಗೆ.

ಹಣ ಮುಂಗಡ ಕೊಡುತ್ತಾರೋ, ಬಿಲ್ ತಂದಮೇಲೆ ಕೊಡುತ್ತಾರೋ ಅಂತಲೂ ಕೇಳಿ. ಬಿಲ್ ಪದ್ಧತಿಯಲ್ಲಿ ಕೈಯಿಂದ ಹಾಕಬಲ್ಲವರು ಮಾತ್ರ ಆತಿಥೇಯರಾಗುತ್ತಾರೆ. ಪಿಜಿಯಲ್ಲಿರುವ ಮಿಝೋರಂ ಹುಡುಗಿ, ಈಶಾನ್ಯದ ಯಹೂದಿ ಪಂಗಡವಾದ ಬೆನೆ ಮೆನಾಶೆಯವಳು, ಯಾವತ್ತೂ ಅತಿಥಿಯಾಗಿಯೇ ಉಳಿಯುತ್ತಾಳೆ. ಅರ್ಧ ಮುಂಗಡ, ಅರ್ಧ ಆಮೇಲೆ ಅನ್ನುವುದು ಎರಡೂ ಕಡೆಗೆ ನ್ಯಾಯ.

ಕೊನೆಗೆ ವರದಿ. ಬಹುತೇಕ ಅನುದಾನಗಳು ಹಾಜರಿ ಸಹಿ, ಊಟದ ಫೋಟೊ ಕೇಳುತ್ತವೆ. ಶಬ್ಬಾತ್ ಶುರುವಾದ ಮೇಲೆ ಬರೆಯುವಂತಿಲ್ಲ, ಮೊಬೈಲ್ ಮುಟ್ಟುವಂತಿಲ್ಲ; ಯಹೂದಿ ಸಮುದಾಯಕ್ಕೆಂದೇ ಮಾಡಿದ ಅರ್ಜಿಯಲ್ಲೂ ಈ ಕಾಲಂ ಉಳಿದುಕೊಂಡಿರುವುದು ಸೋಜಿಗ. ಗುರುವಾರ ರಾತ್ರಿಯೊಳಗೆ ವಾಟ್ಸಾಪ್‌ನಲ್ಲಿ ಬರುತ್ತೇವೆಂದ ಹೆಸರುಗಳ ಪಟ್ಟಿ, ದೀಪ ಹಚ್ಚುವ ಅರ್ಧ ಗಂಟೆ ಮೊದಲು ಹಾಸಿಟ್ಟ ಖಾಲಿ ಮೇಜಿನ ಒಂದು ಫೋಟೊ, ಶನಿವಾರ ಕತ್ತಲಾದ ಮೇಲೆ ಆತಿಥೇಯರು ನೆನಪಿನಿಂದ ಬರೆದ ತಲೆ ಲೆಕ್ಕ: ಈ ಮೂರನ್ನು ಒಪ್ಪುತ್ತೀರಾ ಅಂತ ಅರ್ಜಿ ತುಂಬುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಕಡತದಲ್ಲಿಡಿ.