ಚೇಳಿನ ಕಾರಿಗೆ ಟೈರು: ಮೂರು ಸೆಟ್, ಒಂದು ಟಾರ್ಚ್

ಮೊದಲೇ ಹೇಳಿಬಿಡುತ್ತೇನೆ. ನನ್ನ ಅಬಾರ್ತ್ ಪುಂಟೊ ಕಾರಿಗೆ ಈಗ ಹಾಕಿಸಿರುವ ಟೈರು ಮಿಷೆಲಿನ್ ಪ್ರೈಮಸಿ 4 ಎಸ್‌ಟಿ. ಕಾರಿನ ಕಂಪನಿ ಕೊಟ್ಟ ಸೈಜಿನಲ್ಲೇ, ಅಂದರೆ 195/55 ಆರ್16 (ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ. 55, ರಿಮ್ 16 ಇಂಚು). ನಾಲ್ಕಕ್ಕೆ 33,920 ರೂಪಾಯಿ ಬಿತ್ತು. ಇದಕ್ಕಿಂತ ಹತ್ತು ಸಾವಿರ ಅಗ್ಗದ ಟೈರನ್ನು ಮೂರು ವರ್ಷದ ಮೇಲೆ ಓಡಿಸಿದ್ದೇನೆ. ಇದಕ್ಕಿಂತ ಅಗಲದ್ದನ್ನು ಗೆಳೆಯನ ಕಾರಿನಲ್ಲಿ ಹತ್ತು ದಿನ ಓಡಿಸಿದ್ದೇನೆ. ಮೂರರಲ್ಲಿ ನನ್ನ ಓಟು ಮಿಷೆಲಿನ್‌ಗೇ.

ಉಳಿದೆರಡರ ಹೆಸರು ಬರೆಯಲ್ಲ. ತಪ್ಪು ಟೈರಿನದ್ದೋ, ಅಂಗಡಿಯದ್ದೋ, ನನ್ನದೋ ಅಂತ ಬಿಡಿಸಿ ಹೇಳೋದು ಕಷ್ಟ. ಯಾವ ಬಗೆಯ ಟೈರು ಅಂತ ಹೇಳಿದರೆ ನಿಮಗೆ ಗೊತ್ತಾಗುತ್ತೆ.

ಕಾರು ಅಬಾರ್ತ್ ಪುಂಟೊ. ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ ತಯಾರಾಗಿ 2015ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಗಾಡಿ. ನನ್ನದು 2016ರದ್ದು, ಸೆಕೆಂಡ್ ಹ್ಯಾಂಡ್. ಐದು ಬಾಗಿಲಿನ ಇದನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುವವರಿದ್ದಾರೆ, ನಗಲಿ. 145 ಕುದುರೆ ಶಕ್ತಿಯ ಟರ್ಬೊ ಪೆಟ್ರೋಲ್ ಇಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಮುಂದೆ ಚೇಳಿನ ಲಾಂಛನ. ಅಬಾರ್ತ್ ಕಂಪನಿ ಕಟ್ಟಿದವನದು ವೃಶ್ಚಿಕ ರಾಶಿಯಂತೆ, ಅದಕ್ಕೇ ಚೇಳು. ನಮ್ಮ ಓಣಿಯ ಹುಡುಗರಿಗೆ ಇದು ‘ಚೋಳಿನ ಕಾರು’.

ನನ್ನ ಓಡಾಟ ಜಾಸ್ತಿ ಇಲ್ಲ. ಬೆಳಗಾವಿಯ ಅನಗೋಳದ ಮನೆಯಿಂದ ಉದ್ಯಮಬಾಗದ ವರ್ಕ್‌ಶಾಪಿಗೆ ಸ್ಕೂಟರ್ ಸಾಕು. ಕಾರು ತೆಗೆಯುವುದು ಹೆಂಡತಿಯ ತವರು ಗೋಕಾಕಿಗೆ, ತಿಂಗಳಿಗೊಮ್ಮೆ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ, ಒಮ್ಮೊಮ್ಮೆ ಬೆಳಿಗ್ಗೆ ಬೇಗ ಎದ್ದು ವಂಟಮುರಿ ಘಾಟಿನವರೆಗೆ ಸುಮ್ನೆ. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಆದರೆ ಹೆಚ್ಚು. ಈ ಎಂಟು ಸಾವಿರವನ್ನು ನೆನಪಿಡಿ. ನಾನು ಕೆಟ್ಟದ್ದು ಅದನ್ನು ಮರೆತಿದ್ದಕ್ಕೇ.

2022ರ ಮಾರ್ಚ್‌ನಲ್ಲಿ ಕಾರು ಮನೆಗೆ ಬಂದಾಗ ಟೈರುಗಳು ಬೋಳು. ಕಾರಿಗೇ ದುಡ್ಡೆಲ್ಲ ಸುರಿದಿದ್ದೆ. ಊರಿನ ಒಂದು ಅಂಗಡಿಗೆ ಹೋದೆ. ‘ಸರ, ಇದನ್ನ ಹಾಕ್ಸ್ರಿ. ಅರವತ್ತು ಸಾವಿರ ಕಿಲೋಮೀಟರ್ ಗ್ಯಾರಂಟಿ ಓಡತೈತಿ. ಮುಟ್ಟಿ ನೋಡ್ರಿ, ಎಷ್ಟ ಗಟ್ಟಿ ಐತಿ’ ಅಂದರು. ಮುಟ್ಟಿದೆ. ಗಟ್ಟಿ ಇತ್ತು. ಒಂದಕ್ಕೆ 5,900. ಗಟ್ಟಿ ಅಂದರೆ ಒಳ್ಳೇದು ಅಂದುಕೊಂಡೆ, ಮಡಕೆ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ ಹಾಗೆ.

ಹೀಗೆ ಹೆಚ್ಚು ಕಿಲೋಮೀಟರ್ ಬಾಳುವ ‘ಮೈಲೇಜ್ ಟೈರು’ ಕೆಟ್ಟದ್ದು ಅಂತ ಹೇಳುತ್ತಿಲ್ಲ. ದಿನಾ ಹುಬ್ಬಳ್ಳಿಗೆ ಹೋಗಿ ಬರುವ ಟ್ಯಾಕ್ಸಿಯವರಿಗೆ ಅದೇ ಸರಿ. ಒಂದೆರಡು ವರ್ಷದಲ್ಲೇ ಸವೆಸಿ ಬಿಸಾಡುತ್ತಾರೆ. ವರ್ಷಕ್ಕೆ ಎಂಟು ಸಾವಿರ ಓಡಿಸುವವನು ಅರವತ್ತು ಸಾವಿರ ಮುಟ್ಟಲು ಏಳೂವರೆ ವರ್ಷ ಬೇಕು. ಅಷ್ಟರಲ್ಲಿ ರಬ್ಬರೇ ಮುದಿಯಾಗುತ್ತದೆ. ಬಿಸಿಲು, ಗಾಳಿ, ಓಡುವಾಗಿನ ಕಾವು ಸೇರಿ ಒಣಗಿಸುತ್ತವೆ. ಹಲ್ಲು ಆಳವಾಗೇ ಇರುತ್ತವೆ, ಹಿಡಿತ ಮಾತ್ರ ಇರಲ್ಲ.

ಇದು ನನಗೆ ತಿಳಿದಿದ್ದು 2025ರ ಜುಲೈನಲ್ಲಿ. ಗೋವಾಕ್ಕೆ ಹೋಗುವ ಚೋರ್ಲಾ ದಾರಿಯಲ್ಲಿ ಪೀರನವಾಡಿ, ಜಾಂಬೋಟಿ ದಾಟಿ ಕಣಕುಂಬಿ ಹತ್ತಿರ ಹೊರಟಿದ್ದೆವು. ಕಣಕುಂಬಿಯ ಮಳೆ ಗೊತ್ತಿರುವವರಿಗೆ ಗೊತ್ತು. ವೈಪರ್ ಜೋರಾಗಿ ತಿರುಗಿದರೂ ದಾರಿ ಕಾಣಲ್ಲ. ವೇಗ ನಲವತ್ತು ಇರಬಹುದು. ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಬ್ರೇಕ್ ಹಾಕಿದೆ. ಕಾಲ ಕೆಳಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಗಡಗಡ ಅಂತು, ಕಾರು ನೆಟ್ಟಗೆ ಜಾರುತ್ತಲೇ ಹೋಯಿತು. ಸ್ಟೇರಿಂಗ್ ತಿರುಗಿಸಿದ್ದು ಮುಂದಿನ ಚಕ್ರಕ್ಕೆ ಕೇಳಿಸಲೇ ಇಲ್ಲ. ಕೆಂಪು ಕೆಸರಿನಲ್ಲಿ ಎರಡು ಗಾಲಿ ಇಳಿದ ಮೇಲೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹೆಂಡತಿ ಗೋವಾದ ಸಾಖಳಿ ಬರುವವರೆಗೆ ಒಂದು ಮಾತಾಡಲಿಲ್ಲ. ಆಮೇಲೆ ಅಂದಳು: ‘ಇನ್ನ ಈ ಗಾಡಿ ಬ್ಯಾಡ್ರಿ.’

ಊರಿಗೆ ಬಂದವನೇ ಬೇರೆ ಕಡೆ ವೀಲ್ ಅಲೈನ್‌ಮೆಂಟಿಗೆ ಒಯ್ದೆ. ಹಲ್ಲು ಅಳೆದರು, ಐದು ಮಿಲಿಮೀಟರ್ ಇತ್ತು. ಹೊಸದಕ್ಕೆ ಸುಮಾರು ಎಂಟು ಇರುತ್ತದೆ, 1.6ಕ್ಕೆ ಬಂದರೆ ಬದಲಿಸಬೇಕು. ಅಂದರೆ ಟೈರು ಅರ್ಧವೂ ಸವೆದಿಲ್ಲ. ‘ಮತ್ತ ಯಾಕ ಜಾರತೈತಿ?’ ಅಂದೆ. ಕಾರನ್ನು ಮೇಲೆತ್ತಿದ್ದ ಹುಡುಗ ಕೆಳಗೆ ನುಗ್ಗಿ ಟಾರ್ಚ್ ಬಿಟ್ಟ. ಒಂದೊಂದೇ ಗಾಲಿ ತಿರುಗಿಸಿ ನೋಡಿದ. ‘ಸರ, ಇದು 2018ರ ಮಾಲ್ರಿ.’

ಟೈರಿನ ಪಕ್ಕೆಯ ಮೇಲೆ ಡಿಒಟಿ ಅಂತ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಮುಖ್ಯ. ನನ್ನದರಲ್ಲಿ 2318 ಅಂತ ಇತ್ತು. 2018ರ 23ನೇ ವಾರ, ಅಂದರೆ ಜೂನ್‌ನಲ್ಲಿ ತಯಾರಾದ ಟೈರು. ನಾನು ಹಾಕಿಸಿದ ದಿನವೇ ಅದಕ್ಕೆ ಹತ್ತಿರ ಹತ್ತಿರ ನಾಲ್ಕು ವರ್ಷ. ಕಣಕುಂಬಿಯಲ್ಲಿ ಜಾರಿದಾಗ ಏಳು. ಮೊದಲ ದಿನ ಮುಟ್ಟಿ ಮೆಚ್ಚಿದ ಗಟ್ಟಿತನದಲ್ಲಿ ಎಷ್ಟು ಕಂಪನಿಯದ್ದು, ಎಷ್ಟು ಗೋಡೌನಿನದ್ದು ಅಂತ ದೇವರಿಗೇ ಗೊತ್ತು.

ಮೂರು ವರ್ಷ ನಾನು ಯಾಕೆ ನೋಡಲಿಲ್ಲ? ಕಾರು ತೊಳೆಯುವವನು ನಾನೇ. ಟೈರಿಗೆ ಪಾಲಿಶ್ ಹಚ್ಚುವವನೂ ನಾನೇ. ಕಾಣುತ್ತಿರಲಿಲ್ಲ, ಅಷ್ಟೇ. ಈ ತಾರೀಖು ಟೈರಿನ ಎರಡೂ ಪಕ್ಕೆಯಲ್ಲಿ ಇರಬೇಕೆಂದೇನಿಲ್ಲ. ಸಾಮಾನ್ಯವಾಗಿ ಒಂದು ಕಡೆ ಪೂರ್ತಿ ಸಾಲು, ಇನ್ನೊಂದು ಕಡೆ ತಾರೀಖಿಲ್ಲದ ಮೊಂಡು ಸಾಲು. ಯಾವ ಪಕ್ಕೆ ಹೊರಗೆ ಬರಬೇಕು ಅಂತ ಕೆಲವು ಟೈರುಗಳ ಮೇಲೇ ಬರೆದಿರುತ್ತದೆ. ನನ್ನ ಟೈರಿಗೆ ಆ ಕಟ್ಟುಪಾಡು ಇರಲಿಲ್ಲ, ಹೇಗೆ ಬೇಕಾದರೂ ಹಾಕಬಹುದಿತ್ತು. ನಾಲ್ಕಕ್ಕೆ ನಾಲ್ಕೂ ತಾರೀಖು ಒಳಗಡೆ, ಗಾಡಿಯ ಹೊಟ್ಟೆ ಕಡೆ ಮುಖ ಮಾಡಿ ಕೂತಿದ್ದವು. ಒಂದೋ ಎರಡೋ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು.

ಅಂಗಡಿಗೆ ಹೋದೆ. ಮಾಲೀಕರು ಚಹಾ ತರಿಸಿದರು. ‘ಸಾಹೇಬ್ರ, ಟೈರ್ ಅಂದ್ರ ಹಾಲೇನ್ರಿ ಒಡದ ಹೋಗಾಕ? ಗೋಡೌನ್ನ್ಯಾಗ ಇದ್ದದ್ದು, ಬಿಸಲ ಕಂಡಿಲ್ಲ. ಗಾಡಿಗೆ ಹಾಕಿದ ದಿನದಿಂದ ಲೆಕ್ಕ.’ ಅವರ ಮಾತಲ್ಲಿ ಅರ್ಧ ನಿಜ ಇದೆ. ನೆರಳಲ್ಲಿ ನೆಟ್ಟಗೆ ಇಟ್ಟ ಟೈರು, ರಸ್ತೆಯಲ್ಲಿರುವ ಟೈರಿನಷ್ಟು ಬೇಗ ಮುದಿಯಾಗಲ್ಲ. ಆರು ತಿಂಗಳು, ವರ್ಷ ಹಳೆಯದನ್ನು ನಾನೂ ತಗೊಳ್ಳುತ್ತೇನೆ. ನಾಲ್ಕು ವರ್ಷದ್ದನ್ನು ಹೊಸ ಮಾಲು ಅಂತ ಪೂರ್ತಿ ದರಕ್ಕೆ ಕೊಟ್ಟು, ತಾರೀಖು ಒಳಗೆ ತಿರುಗಿಸಿದ್ದನ್ನು ಹೇಗೆ ಒಪ್ಪಲಿ? ಚಹಾ ಮಾತ್ರ ಕುಡಿದೆ, ಬಿಸಿ ಇತ್ತು.

ಎರಡನೇದು, ಅಗಲದ ಟೈರು. ನನ್ನ ಗೆಳೆಯನ ಬಳಿಯೂ ಇದೇ ಕಾರಿದೆ. ಅವನು 205/55 ಆರ್16 ಹಾಕಿಸಿದ್ದಾನೆ, ಹೆಸರುವಾಸಿ ಕಂಪನಿಯ ಸ್ಪೋರ್ಟಿ ಮಾದರಿ. ಆಗಸ್ಟ್‌ನಲ್ಲಿ ಹತ್ತು ದಿನ ಗಾಡಿ ಅದಲು ಬದಲು ಮಾಡಿಕೊಂಡೆವು. ನನ್ನದನ್ನು ಊರೊಳಗೆ ಮಾತ್ರ ಓಡಿಸಬೇಕು ಅಂತ ಕರಾರು.

ಒಣ ರಸ್ತೆಯಲ್ಲಿ ಅದು ಬಹಳ ಚಂದ. ಸುಳ್ಳು ಯಾಕೆ ಹೇಳಲಿ? ವಂಟಮುರಿ ತಿರುವುಗಳಲ್ಲಿ ಹಳಿಯ ಮೇಲೆ ಹೋದಂತೆ ಹೋಗುತ್ತದೆ. ನೋಡೋಕೂ ಗಾಡಿ ತುಂಬಿದಂತೆ ಕಾಣುತ್ತದೆ. ಅದು ನನಗೆ ಯಾಕೆ ಬೇಡವಾಯಿತು ಅಂದರೆ ಮೂರು ಕಾರಣ. ಸ್ಟೇರಿಂಗ್ ಭಾರ. ಹಿಂದೆ ಮೂರು ಜನ ಕೂತು ಹಂಪ್ ಹಾರಿದರೆ ಒಳಗೆ ಎಲ್ಲೋ ಸರಕ್ ಅಂತ ಉಜ್ಜುವ ಸದ್ದು. ಮತ್ತೆ ನಿಂತ ನೀರು. ಟೈರು ಅಗಲವಾದಷ್ಟೂ ಅದು ಪಕ್ಕಕ್ಕೆ ತಳ್ಳಬೇಕಾದ ನೀರು ಜಾಸ್ತಿ, ತಳ್ಳಲಾಗದಿದ್ದರೆ ನೀರಿನ ಮೇಲೇ ತೇಲುತ್ತದೆ. ಹಿರೇಬಾಗೇವಾಡಿ ಟೋಲ್ ದಾಟಿದ ಮೇಲೆ ಹೆದ್ದಾರಿಯ ಬದಿಯಲ್ಲಿ ನಿಂತ ನೀರಿಗೆ ಎಂಬತ್ತರಲ್ಲಿ ಹೋದಾಗ ಸ್ಟೇರಿಂಗ್ ಒಂದು ಕ್ಷಣ ಹಗುರ ಆಯಿತು. ಕಣಕುಂಬಿ ಕಂಡವನಿಗೆ ಆ ಒಂದು ಕ್ಷಣವೇ ಸಾಕು.

ಇನ್ನೊಂದು ಸಣ್ಣ ವಿಷಯ. 205/55ರ ಸುತ್ತಳತೆ ಕಂಪನಿ ಟೈರಿಗಿಂತ ಸುಮಾರು ಶೇ. 1.8ರಷ್ಟು ದೊಡ್ಡದು. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ದೊಡ್ಡ ವಿಷಯವಲ್ಲ.

ಪಕ್ಕಾ ರೇಸ್ ಬಗೆಯ ಮೆತ್ತನೆ ಟೈರಿನ ಆಸೆಯೂ ಇತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅಂದಿನಿಂದ ಇಂಥವು ಸಿಗೋದು ಕಷ್ಟ, ಸಿಕ್ಕರೂ ದರ ಕೇಳಿದರೆ ತಲೆ ತಿರುಗುತ್ತದೆ. ಆ ಆಸೆ ಅಲ್ಲಿಗೇ ಬಿಟ್ಟೆ.

ಉಳಿದಿದ್ದು ಕಂಪನಿ ಸೈಜಿನಲ್ಲೇ ಒದ್ದೆ ರಸ್ತೆಗೆ ಹೆಸರಾದ ಟೈರು. ಪುಣ್ಯಕ್ಕೆ 195/55 ಆರ್16 ಅಂದರೆ ಬಲೆನೊ, ಐ20 ಕಾರುಗಳ ಮೇಲಿನ ಮಾದರಿಗಳಿಗೂ ಬರುವ ಸೈಜು. ಅಬಾರ್ತ್ ಅಪರೂಪ, ಅದರ ಟೈರು ಅಪರೂಪವಲ್ಲ.

ಆಗಸ್ಟ್‌ನಲ್ಲಿ ಪ್ರೈಮಸಿಗೆ ಒಂದಕ್ಕೆ 9,200 ಹೇಳಿದರು. ನಾಲ್ಕಕ್ಕೆ 36,800. ನನ್ನ ಲೆಕ್ಕ ಮೂವತ್ತೈದರ ಒಳಗೆ. ‘ಮುಂದಿನ ಎರಡು ಮಾತ್ರ ಹಾಕ್ಸ್ರಿ, ಗಾಡಿ ಎಳಿಯೂದ ಮುಂದಿನ ಗಾಲಿ ಅಲ್ಲೇನ್ರಿ’ ಅಂದ ಇನ್ನೊಬ್ಬ ಅಂಗಡಿಯವರು. ಅರ್ಧ ದುಡ್ಡಲ್ಲಿ ಮುಗಿಯುತ್ತಿತ್ತು. ನನ್ನ ಕೈ ಜೇಬಿಗೆ ಹೋಗಿತ್ತು ಕೂಡ. ಆದರೆ ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ ಹೋಗಬೇಕು, ಮುಂದಿನ ಗಾಲಿ ಎಳೆಯುವ ಕಾರಿಗೂ. ಟೈರು ಕಂಪನಿಗಳೇ ಹಾಗೆ ಹೇಳುತ್ತವೆ. ಮುಂದೆ ಹಿಡಿತ ಇದ್ದು ಹಿಂದೆ ಇಲ್ಲದಿದ್ದರೆ ಮಳೆಯಲ್ಲಿ ಬಾಲ ತಿರುಗುತ್ತದೆ. ಮುಂದಿನದು ಜಾರಿದರೆ ಕಾಲು ತೆಗೆದು ಸಂಭಾಳಿಸಬಹುದು, ಬಾಲ ತಿರುಗಿದರೆ ನಮ್ಮಂಥವರ ಕೈಯಲ್ಲಿ ಆಗಲ್ಲ. ನನ್ನ ನಾಲ್ಕೂ ಒಂದೇ ವಯಸ್ಸಿನ ಮುದುಕರು, ನಾಲ್ಕೂ ಹೋಗಬೇಕಿತ್ತು.

ಕಾದಿದ್ದು ಲಾಭ ಆಯಿತು. ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. 9,200 ಇದ್ದದ್ದು 8,480 ಆಯಿತು. ನಾಲ್ಕಕ್ಕೆ 2,880 ಉಳಿಯಿತು. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಹೊಸ ವಾಲ್ವ್ ಎಲ್ಲ ಅದರಲ್ಲೇ ಮುಗಿದು ಕುಂದಾ ತಗೊಳ್ಳೋಕೂ ಮಿಕ್ಕಿತು.

ಈ ಸಲ ಬೆಳಗಾವಿಯಲ್ಲಿ ಸ್ಟಾಕ್ ಇರಲಿಲ್ಲ, ಹುಬ್ಬಳ್ಳಿಯಿಂದ ತರಿಸಿದರು. ದುಡ್ಡು ಕೊಡುವ ಮೊದಲು ನಾಲ್ಕೂ ಟೈರಿನ ತಾರೀಖಿನ ಫೋಟೊ ಕಳಿಸಿ ಅಂದೆ. ‘ಇಷ್ಟ ಯಾರೂ ಕೇಳಂಗಿಲ್ಲ ಬಿಡ್ರಿ ಸರ’ ಅಂದರು, ಆದರೂ ಕಳಿಸಿದರು. ಎರಡು 3125, ಎರಡು 2925. ಎಲ್ಲವೂ ಎರಡು ತಿಂಗಳ ಆಚೀಚಿನ ಮಾಲು. ಖಂಡೆ ಪೂಜೆಗೆ ಹೊಸ ಟೈರಿನ ಕೆಳಗೇ ನಿಂಬೆಹಣ್ಣು ಒಡೆಯಿತು. ಹಳೆಯವನ್ನು ಯಾರಾದರೂ ತಗೊಳ್ಳುತ್ತಾರಾ ಅಂತ ಕೇಳಿದೆ. ‘ಈ ಸೈಜ್ ಕಬ್ಬಿನ ಚಕ್ಕಡಿಗೂ ಬರಂಗಿಲ್ರಿ’ ಅಂದರು.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದರ ಸ್ವಲ್ಪ ಉಳಿದಿರುತ್ತದೆ. ಮೊದಲ ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿದೆ. ಸೀಗೆ ಹುಣ್ಣಿಮೆ ಮುಗಿದ ವಾರ ಮಳೆ ಹಿಡಿಯಿತು. ಹೆಂಡತಿಯನ್ನು ಕರೆಯಲಿಲ್ಲ, ಒಬ್ಬನೇ ಚೋರ್ಲಾಕ್ಕೆ ಹೋದೆ. ಅದೇ ತಿರುವು, ಹೆಚ್ಚುಕಡಿಮೆ ಅಂಥದ್ದೇ ಮಳೆ. ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿ ನಲವತ್ತರಲ್ಲಿ ಬ್ರೇಕ್ ಒತ್ತಿದೆ. ಎಬಿಎಸ್ ಒಮ್ಮೆ ಟಕ್ ಅಂದು ಸುಮ್ಮನಾಯಿತು. ಕಾರು ನಿಂತಿತು. ಎಷ್ಟು ಬೇಗ ನಿಂತಿತೆಂದರೆ, ಪಕ್ಕದ ಸೀಟಿನಲ್ಲಿದ್ದ ಛತ್ರಿ ಕೆಳಗೆ ಬಿತ್ತು.

ಸದ್ದು: ಕಡಿಮೆ. ಈಗ ಇಂಜಿನ್ ದನಿ ಚೆನ್ನಾಗಿ ಕೇಳುತ್ತದೆ. ಪೆಟ್ರೋಲ್: ವ್ಯತ್ಯಾಸ ಗೊತ್ತಾಗಲಿಲ್ಲ. ಪಂಕ್ಚರ್: ಉದ್ಯಮಬಾಗದಲ್ಲಿ ಲೇಥ್‌ನಿಂದ ಉದುರುವ ಕಬ್ಬಿಣದ ಚೂರಿಗೆ ಯಾವ ಕಂಪನಿಯ ಟೈರೂ ಒಂದೇ. ಒಣ ತಿರುವಿನಲ್ಲಿ ಗೆಳೆಯನ ಟೈರಿನಷ್ಟು ಚುರುಕಿಲ್ಲ. ಬರೀ ಒಣ ರಸ್ತೆಯ ಮಜಾ ಬೇಕು ಅನ್ನುವವರು, ವಿಜಯಪುರ ಕಡೆಯವರು ಇರಬಹುದು, ಅವನದ್ದನ್ನೇ ನೋಡಲಿ. ದಿನಾ ನೂರು ಕಿಲೋಮೀಟರ್ ಓಡಿಸುವವರಿಗೆ ಮೈಲೇಜ್ ಟೈರು, ತಾರೀಖು ನೋಡಿ. ನನ್ನಂತೆ ಕಡಿಮೆ ಓಡಿಸಿ, ಅದರಲ್ಲೂ ಅರ್ಧ ಮಳೆಯಲ್ಲಿ ಓಡಿಸುವವರು ಹೆಚ್ಚು ಬಾಳಿಕೆಯ ಟೈರು ಹುಡುಕೋದು ದಂಡ. ಐದಾರು ವರ್ಷಕ್ಕೆ ಹೇಗೂ ಬದಲಿಸಬೇಕು, ಅಷ್ಟು ದಿನ ಹಿಡಿಯುವುದನ್ನು ತಗೊಳ್ಳಿ.

ಸವೆತದ ಗುರುತು ಎಲ್ಲಿದೆ ಅಂತ ತೋರಿಸಲು ಮಿಷೆಲಿನ್ ಟೈರಿನ ಅಂಚಿನಲ್ಲಿ ಅವರ ಡುಮ್ಮ ಗೊಂಬೆಯ ಪುಟ್ಟ ಚಿತ್ರ ಇರುತ್ತದೆ. ಮಗಳು ನಾಲ್ಕೂ ಟೈರಿನಲ್ಲಿ ಅದನ್ನು ಹುಡುಕಿ ಎಣಿಸಿದ್ದಾಳೆ.

ಮೊನ್ನೆ ಗೆಳೆಯ ಮನೆಗೆ ಬಂದಿದ್ದ. ‘ಅಗಲ ಟೈರ್ ಹಾಕಸೋ ಅಂದ್ರ ಕೇಳ್ಲಿಲ್ಲ ನೀ’ ಅಂತ ಶುರು ಮಾಡಿದ. ಟಾರ್ಚ್ ತಂದು ಕೈಗೆ ಕೊಟ್ಟೆ. ಅಂಗಳದಲ್ಲಿ ಗೋಣಿಚೀಲ ಹಾಸಿ ತನ್ನ ಕಾರಿನ ಕೆಳಗೆ ತೂರಿದ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೆಳಗಿನಿಂದಲೇ ಕೇಳಿದ: ‘ನಿಂದು ಒಂದಕ್ಕ ಎಷ್ಟ್ ಬಿತ್ತಂದಿ?’