ಗ್ಯಾಲಿಯಂ-68 ಡೋಟಾಟೇಟ್ ಕಿಟ್: ಮೈಸೂರು-ಮಂಡ್ಯದ ಕೇಂದ್ರಗಳಿಗೆ ಹೊಂದುತ್ತದೆಯೇ?

ನ್ಯೂರೋಎಂಡೋಕ್ರೈನ್ ಗೆಡ್ಡೆ (ಹಾರ್ಮೋನ್ ಸ್ರವಿಸುವ ಬಗೆಯ ಕೋಶಗಳಲ್ಲಿ ಹುಟ್ಟುವ ಗೆಡ್ಡೆ) ಎಂದು ಬಯಾಪ್ಸಿ ಹೇಳಿದ ಮೇಲೆ ಮೈಸೂರು, ಮಂಡ್ಯ, ಚಾಮರಾಜನಗರದ ರೋಗಿಗಳ ಕೈಗೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ‘ಡೋಟಾ ಸ್ಕ್ಯಾನ್’ ಎಂದಷ್ಟೇ ಇರುತ್ತದೆ. ಆ ಸ್ಕ್ಯಾನ್‌ಗೆ ಬೇಕಾದ ಮದ್ದು ಕಾರ್ಖಾನೆಯಿಂದ ಸಿದ್ಧವಾಗಿ ಬರುವುದಿಲ್ಲ. ಅದನ್ನು ಅವತ್ತು ಬೆಳಗ್ಗೆಯೇ, ರೋಗಿ ಹೊರಗೆ ಕಾಯುತ್ತಿರುವಾಗ, ಕೇಂದ್ರದ ಹಾಟ್ ಲ್ಯಾಬ್‌ನಲ್ಲಿ, ಅಂದರೆ ವಿಕಿರಣ ಮದ್ದು ತಯಾರಿಸುವ ಕೋಣೆಯಲ್ಲಿ, ತಯಾರಿಸಬೇಕು. ಇಲ್ಲಿ ನಾವು ತೂಗಿ ನೋಡುತ್ತಿರುವುದು ಆ ತಯಾರಿಯ ಎರಡು ಭಾಗಗಳನ್ನು: ಜರ್ಮೇನಿಯಂ-ಗ್ಯಾಲಿಯಂ ಜನರೇಟರ್ ಮತ್ತು 40 ಮೈಕ್ರೋಗ್ರಾಂ ಡೋಟಾಟೇಟ್ ಇರುವ ಫ್ರೀಜ್-ಡ್ರೈ ಕಿಟ್. ಈ ಬಗೆಯ ಕಿಟ್‌ಗೆ ಅಮೆರಿಕದಲ್ಲಿ 2016ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಮೊದಲು 1994ರಿಂದ ಇಂಡಿಯಂ-111 ಆಕ್ಟ್ರಿಯೋಸ್ಕ್ಯಾನ್ ಇತ್ತು. ಅದರಲ್ಲಿ ಚಿತ್ರ ತೆಗೆಯಲು ರೋಗಿ ಮಾರನೆಯ ದಿನವೂ ಬರಬೇಕಿತ್ತು. ಗ್ಯಾಲಿಯಂನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಕೆಲಸ ನಡೆಯುವ ಬಗೆ ಹೀಗೆ. ಈ ಗೆಡ್ಡೆಗಳ ಕೋಶದ ಮೇಲ್ಮೈಯಲ್ಲಿ ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್‌ಗಳು, ಅದರಲ್ಲೂ 2ನೇ ಬಗೆಯವು, ದಟ್ಟವಾಗಿರುತ್ತವೆ. ದೇಹದ ಸ್ವಂತ ಸೊಮ್ಯಾಟೋಸ್ಟ್ಯಾಟಿನ್ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಹಾಗಾಗಿ ಎಂಟು ಅಮೈನೋ ಆಮ್ಲಗಳ, ಬೇಗ ಒಡೆಯದ ಪೆಪ್ಟೈಡ್ ಬಳಸುತ್ತಾರೆ. ಅದರ ಒಂದು ತುದಿಗೆ ಡೋಟಾ ಎಂಬ ಹಿಡಿಕೆ (ಇವೆರಡೂ ಸೇರಿದ್ದೇ ಡೋಟಾಟೇಟ್), ಆ ಹಿಡಿಕೆಯೊಳಗೆ ಗ್ಯಾಲಿಯಂ. ಪೆಪ್ಟೈಡ್ ರಿಸೆಪ್ಟರ್‌ಗೆ ಅಂಟಿ ಕೋಶದೊಳಕ್ಕೆ ಹೋಗುತ್ತದೆ, ಗ್ಯಾಲಿಯಂ ಅಲ್ಲಿಂದ ವಿಕಿರಣವನ್ನು ಹಿಡಿದು ಚಿತ್ರ ಮಾಡುವ ಪೆಟ್ ಯಂತ್ರಕ್ಕೆ ಕಾಣಿಸುತ್ತದೆ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕಿಟ್ ಅತ್ಯುತ್ತಮ. ಮೈಸೂರಿನ ಗಾತ್ರದ ಊರಿಗೆ ಇದು ಹೊಂದುತ್ತದೆ. ಆದರೆ ಪ್ರತಿ ವಯಲನ್ನೂ (ಮದ್ದಿನ ಪುಟ್ಟ ಸೀಸೆ) ಪರೀಕ್ಷಿಸಿಯೇ ಸಿರಿಂಜ್‌ಗೆ ಎಳೆಯುವ ಕೇಂದ್ರಕ್ಕೆ ಮಾತ್ರ. ಇದಕ್ಕೆ ಕಾರಣ ಯಕೃತ್ತು. ಗೆಡ್ಡೆ ಎಷ್ಟು ಹೊಳೆಯುತ್ತಿದೆ ಎಂದು ಅಳೆಯುವುದೇ ಯಕೃತ್ತಿಗೆ ಹೋಲಿಸಿ. ಕ್ರೆನ್ನಿಂಗ್ ಅಂಕದಲ್ಲಿ ಯಕೃತ್ತಿನಷ್ಟೇ ಹೊಳಪಿದ್ದರೆ 2, ಅದಕ್ಕಿಂತ ಹೆಚ್ಚಿದ್ದರೆ 3, ಗುಲ್ಮವನ್ನೂ ಮೀರಿಸಿದರೆ 4. ಇದೇ ರಿಸೆಪ್ಟರ್ ಹಿಡಿದು ಗೆಡ್ಡೆಗೆ ಒಳಗಿಂದಲೇ ವಿಕಿರಣ ಕೊಡುವ ಲುಟೇಷಿಯಂ-177 ಚಿಕಿತ್ಸೆ ಕೊಡಬಹುದೇ ಬೇಡವೇ ಎಂಬ ನಿರ್ಧಾರ ಬಹುಮಟ್ಟಿಗೆ ಈ ಅಂಕದ ಮೇಲೆ ನಿಲ್ಲುತ್ತದೆ. ವಯಲ್ ಕೆಟ್ಟಿದ್ದರೆ ಪೆಪ್ಟೈಡ್‌ಗೆ ಅಂಟದ ಗ್ಯಾಲಿಯಂ ಕಣಗಳು ನೇರ ಯಕೃತ್ತು, ಗುಲ್ಮ, ಮೂಳೆಮಜ್ಜೆಗೆ ಹೋಗಿ ಕೂರುತ್ತವೆ. ಅಲ್ಲಿಗೆ ಅಳತೆಗೋಲೇ ಹಿಗ್ಗಿದಂತೆ. 3 ಇರಬೇಕಾದ ಗೆಡ್ಡೆ 2 ಎಂದು ವರದಿಯಾಗುತ್ತದೆ, ಯಕೃತ್ತಿನೊಳಗಿನ ಚಿಕ್ಕ ಗಂಟುಗಳು ಮರೆಯಾಗುತ್ತವೆ. ಚಿತ್ರ ಮಾತ್ರ ನೋಡುವವರಿಗೆ ಚೆನ್ನಾಗಿಯೇ ಕಾಣುತ್ತದೆ. ತಪ್ಪು ಹಾಟ್ ಲ್ಯಾಬ್‌ನಲ್ಲಿ ಆಯಿತೆಂದು ಯಾರಿಗೂ ಹೊಳೆಯುವುದಿಲ್ಲ.

ಜನರೇಟರ್‌ನಿಂದ ಶುರುಮಾಡೋಣ. ಒಳಗಿನ ಕಾಲಮ್‌ನಲ್ಲಿ ಜರ್ಮೇನಿಯಂ-68 ಕೂತಿರುತ್ತದೆ, ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) 271 ದಿನ. ಅದು ಕ್ಷಯಿಸಿ ಗ್ಯಾಲಿಯಂ-68 ಆಗುತ್ತದೆ, ಅರ್ಧಾಯುಷ್ಯ ಕೇವಲ 68 ನಿಮಿಷ. ಹಸುವಿನ ಹಾಲು ಕರೆದಂತೆ ಆಮ್ಲ ಹರಿಸಿ ಗ್ಯಾಲಿಯಂ ಕರೆದುಕೊಳ್ಳಬೇಕು. ಕರೆದ ಒಂದು ಗಂಟೆಯಲ್ಲಿ 46%, ಎರಡು ಗಂಟೆಯಲ್ಲಿ 71%, ನಾಲ್ಕು ಗಂಟೆಯಲ್ಲಿ 91% ಮತ್ತೆ ತುಂಬುತ್ತದೆ. ಹೀಗಾಗಿ ಬೆಳಗ್ಗೆ 7:30ಕ್ಕೆ ಒಂದು, 11:30ಕ್ಕೆ ಇನ್ನೊಂದು ಎಂಬ ಲೆಕ್ಕ ಸರಿಹೋಗುತ್ತದೆ.

ಕೊಳ್ಳುವಾಗ ನೋಡಬೇಕಾದ ಮೊದಲ ಸಂಗತಿ ಆಮ್ಲದ ಪ್ರಬಲತೆ. ಟೈಟಾನಿಯಂ ಡೈಆಕ್ಸೈಡ್ ಕಾಲಮ್‌ಗಳು 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರೆಯುತ್ತವೆ, ಅದು ನೇರವಾಗಿ ಕಿಟ್ ವಯಲ್‌ಗೆ ಇಳಿಯಬಹುದು. ಟಿನ್ ಡೈಆಕ್ಸೈಡ್ ಕಾಲಮ್‌ಗೆ 0.6 ನಾರ್ಮಲ್ ಬೇಕು. ಅದನ್ನು ಇದೇ ವಯಲ್‌ಗೆ ಬಿಟ್ಟರೆ ಆಮ್ಲತೆಯನ್ನು ಹದದಲ್ಲಿಡುವ ಬಫರ್ ಸೋಲುತ್ತದೆ. ಆ ಜನರೇಟರ್ ಕೆಟ್ಟದ್ದೆಂದಲ್ಲ, ಶುದ್ಧೀಕರಣದ ಕಾರ್ಟ್ರಿಡ್ಜ್ ಮತ್ತು ಅದನ್ನು ನಿಭಾಯಿಸಬಲ್ಲ ರೇಡಿಯೋಫಾರ್ಮಸಿಸ್ಟ್ ಇರಬೇಕು. ಕಿಟ್ ಮತ್ತು ಜನರೇಟರನ್ನು ಬೇರೆಬೇರೆ ಟೆಂಡರ್‌ನಲ್ಲಿ ಕರೆಯುವ ಸಂಸ್ಥೆಗಳು ಈ ಒಂದು ಸಾಲನ್ನು ಟೆಂಡರ್ ಪತ್ರದಲ್ಲೇ ಬರೆಯಬೇಕು.

ಎರಡನೆಯದು ಸುಮ್ಮನೆ ಕುಳಿತ ಜನರೇಟರ್. ಗ್ಯಾಲಿಯಂ ಕ್ಷಯಿಸಿ ಸತು ಆಗುತ್ತದೆ. ಶನಿವಾರ ಕರೆದದ್ದನ್ನು ಮತ್ತೆ ಮುಟ್ಟುವುದು ಮಂಗಳವಾರವಾದರೆ ಅಷ್ಟು ದಿನದ ಸತು ಕಾಲಮ್‌ನಲ್ಲಿ ಸೇರಿರುತ್ತದೆ, ಡೋಟಾದ ಜಾಗಕ್ಕಾಗಿ ಗ್ಯಾಲಿಯಂ ಜೊತೆ ಪೈಪೋಟಿಗೆ ಇಳಿಯುತ್ತದೆ. ದಸರಾ ರಜೆ ಮುಗಿಸಿ ಬಂದ ಮೊದಲ ದಿನದ ಬ್ಯಾಚ್ ಕೆಡುವುದು ಹೀಗೆ. ಹಿಂದಿನ ಸಂಜೆ ಒಮ್ಮೆ ಕರೆದು ಚೆಲ್ಲಿದರೆ ಸಾಕು. ಕಬ್ಬಿಣವೂ ಅಷ್ಟೇ ಕಾಟ ಕೊಡುತ್ತದೆ: ಆಮ್ಲ ಲೋಹರಹಿತ ದರ್ಜೆಯದಾಗಿರಬೇಕು, ಉಕ್ಕಿನ ಸೂಜಿ ಆಮ್ಲದಲ್ಲಿ ನೆನೆಯುತ್ತಾ ಇರಬಾರದು. ಕಿಟ್‌ನಲ್ಲಿ 5 ಮೈಕ್ರೋಗ್ರಾಂ ಫಿನಾಂತ್ರೋಲಿನ್ ಇಟ್ಟಿರುವುದು ಇಂಥ ಲೋಹಗಳನ್ನು ಕಟ್ಟಿಹಾಕಲಿಕ್ಕೆ, ಆದರೆ ಅಷ್ಟು ಚೂರು ಎಷ್ಟನ್ನು ತಾನೇ ತಡೆದೀತು?

ಇನ್ನು ವಯಲ್. ಗಾಳಿ ಹೊರಹೋಗಲು ಫಿಲ್ಟರ್ ಇರುವ ವೆಂಟ್ ಸೂಜಿ ಚುಚ್ಚಿ, 5 ಮಿಲಿಲೀಟರ್ ಎಲ್ಯುವೇಟನ್ನು, ಅಂದರೆ ಜನರೇಟರ್‌ನಿಂದ ಕರೆದ ದ್ರವವನ್ನು, ನೇರವಾಗಿ ಇಳಿಸಬೇಕು. ತಕ್ಷಣ ಫಾರ್ಮೇಟ್ ಬಫರ್ ಅರ್ಧ ಮಿಲಿಲೀಟರ್. ತಕ್ಷಣ ಎಂದರೆ ತಕ್ಷಣ. ನಂತರ ಸೀಸದ ಕವಚವಿರುವ ಡ್ರೈ ಹೀಟಿಂಗ್ ಬ್ಲಾಕ್‌ನಲ್ಲಿ 95 ಡಿಗ್ರಿಗೆ 7ರಿಂದ 10 ನಿಮಿಷ. ಕೊನೆಯ ಪಿಎಚ್ 3.2ರಿಂದ 3.8ರ ನಡುವೆ ಬರಬೇಕು. ಬಫರ್ ಕಡಿಮೆಯಾಗಿ ಪಿಎಚ್ ಇಳಿದರೆ ಡೋಟಾ ಗ್ಯಾಲಿಯಂ ಹಿಡಿಯುವುದೇ ಇಲ್ಲ. ಹೆಚ್ಚಾಗಿ ಪಿಎಚ್ ಏರಿದರೆ ಗ್ಯಾಲಿಯಂ ಹೈಡ್ರಾಕ್ಸೈಡ್ ಕಣಗಳಾಗುತ್ತದೆ, ಯಕೃತ್ತಿಗೆ ಹೋಗುವ ಕಣಗಳು ಇವೇ. ಕಣ್ಣಿಗೆ ದ್ರಾವಣ ತಿಳಿಯಾಗಿಯೇ ಇರುತ್ತದೆ. ಬ್ಲಾಕ್‌ನ ಫಲಕ 95 ತೋರಿಸಿದರೂ ವಯಲ್ ತಳ ಗುಳಿಗೆ ಸರಿಯಾಗಿ ಕೂರದಿದ್ದರೆ ಒಳಗಿನ ದ್ರವ ಅಷ್ಟು ಬಿಸಿಯಾಗುವುದಿಲ್ಲ. ಖಾಲಿ ವಯಲ್‌ಗೆ 5.5 ಮಿಲಿಲೀಟರ್ ನೀರು ಹಾಕಿ ಥರ್ಮೋಕಪಲ್ ಇಟ್ಟು ಒಮ್ಮೆ ಅಳೆದುಕೊಳ್ಳುವುದು ಒಳ್ಳೆಯದು. ಬ್ಲಾಕನ್ನು ಯುಪಿಎಸ್‌ಗೆ ಹಾಕಿ. ಏಪ್ರಿಲ್ ಮಳೆಯ ದಿನಗಳಲ್ಲಿ ಕರೆಂಟ್ ಹೋಗಿ ಬರುವ ಊರು ನಮ್ಮದು, ನಡುವೆ ನಿಂತ ಬಿಸಿ ಇಡೀ ವಯಲನ್ನು ಹಾಳುಮಾಡುತ್ತದೆ.

ಪರೀಕ್ಷೆ ಸರಳ. ಐಟಿಎಲ್‌ಸಿ ಪಟ್ಟಿಯ (ದ್ರವ ಹೀರಿ ಘಟಕಗಳನ್ನು ಬೇರ್ಪಡಿಸುವ ಪಟ್ಟಿ) ಮೇಲೆ ಒಂದು ಹನಿ, 1 ಮೋಲಾರ್ ಅಮೋನಿಯಂ ಅಸಿಟೇಟ್ ಮತ್ತು ಮೆಥನಾಲ್ ಸಮಪಾಲಿನ ದ್ರಾವಣದಲ್ಲಿ ನಿಲ್ಲಿಸಿದರೆ ಅಂಟಿದ ಗ್ಯಾಲಿಯಂ ಮೇಲಕ್ಕೆ ಏರುತ್ತದೆ, ಕಣಗಳು ಬುಡದಲ್ಲೇ ಉಳಿಯುತ್ತವೆ. ಶುದ್ಧತೆ 95%ಕ್ಕಿಂತ ಕಡಿಮೆ ಬಂದರೆ ಆ ವಯಲ್ ಸಿಂಕ್‌ನ ಪಾಲು, ಅಂದರೆ ವಿಕಿರಣ ತ್ಯಾಜ್ಯಕ್ಕೆಂದೇ ಇರುವ ಡಿಕೇ ಸಿಂಕ್. ಕೆಲವು ಕೇಂದ್ರಗಳು ಇದನ್ನು ಬಿಟ್ಟುಬಿಡುವುದಕ್ಕೆ ಒಂದೇ ಕಾರಣ: ಪ್ರತಿ 10 ನಿಮಿಷಕ್ಕೆ ಸುಮಾರು 10% ಮದ್ದು ಕ್ಷಯಿಸಿಹೋಗುತ್ತದೆ. ಒಪ್ಪುವ ಕಾರಣವಲ್ಲ. ಆ 10% ಹೋಗಲಿ. ಇದರ ಜೊತೆಗೆ ಜರ್ಮೇನಿಯಂ ಸೋರಿಕೆ: ಎಲ್ಯುವೇಟ್‌ನ ಚೂರನ್ನು 48 ಗಂಟೆ ಇಟ್ಟು ಎಣಿಸಿದರೆ ಗ್ಯಾಲಿಯಂ ಎಲ್ಲ ಹೋಗಿ ಜರ್ಮೇನಿಯಂ ಮಾತ್ರ ಉಳಿಯುತ್ತದೆ. ಮಿತಿ 0.001%. ಜನರೇಟರ್ ಹಳತಾದಂತೆ ಈ ಸಂಖ್ಯೆ ಏರತೊಡಗಬಹುದು, ಆದ್ದರಿಂದ ವಾರಕ್ಕೊಮ್ಮೆ ಬರೆದಿಡುವ ದಾಖಲೆ ಪುಸ್ತಕ ನೋಡಿದರೇ ಕೇಂದ್ರದ ಶಿಸ್ತು ಗೊತ್ತಾಗುತ್ತದೆ.

ಎಷ್ಟು ರೋಗಿಗಳಿಗೆ ಸಾಕಾಗುತ್ತದೆ? ಹೊಸ 50 ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆ) ಜನರೇಟರ್‌ನಿಂದ 60% ಕೈಗೆ ಬಂತೆನ್ನಿ, 30 ಮಿಲಿಕ್ಯೂರಿ. ತಯಾರಿ, ಪರೀಕ್ಷೆಗೆ ಅರ್ಧ ಗಂಟೆ ಹೋದರೆ 22 ಉಳಿಯುತ್ತದೆ. ಒಬ್ಬರಿಗೆ 4 ಮಿಲಿಕ್ಯೂರಿ, ಸ್ಕ್ಯಾನರ್ ಒಂದೇ ಆದ್ದರಿಂದ 25 ನಿಮಿಷಕ್ಕೊಬ್ಬರು. ಮೂವರು ಆದ ಮೇಲೆ ನಾಲ್ಕನೆಯವರಿಗೆ 3ಕ್ಕಿಂತ ಕಡಿಮೆ ಉಳಿದಿರುತ್ತದೆ. ಒಂಬತ್ತು ತಿಂಗಳು ಕಳೆದ ಅದೇ ಜನರೇಟರ್‌ನಲ್ಲಿ ಇಬ್ಬರಷ್ಟೇ. ಹಾಗಾಗಿ ವಾರಕ್ಕೆ ಒಬ್ಬರೇ ಬರುವ ಕೇಂದ್ರಕ್ಕೆ ಇದು ನಷ್ಟದ ಬಾಬತ್ತು. ಮಂಡ್ಯ, ಕೊಳ್ಳೇಗಾಲ, ಹುಣಸೂರು, ಮಡಿಕೇರಿಯ ರೋಗಿಗಳನ್ನು ವಾರದ ಎರಡು ನಿಗದಿತ ದಿನಕ್ಕೆ ಸೇರಿಸಿ ಬುಕ್ ಮಾಡಿದರೆ ಮಾತ್ರ ಲೆಕ್ಕ ಕೂಡುತ್ತದೆ. ಅದೇ ಜನರೇಟರ್‌ನಿಂದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪಿಎಸ್‌ಎಂಎ-11 ಎಂಬ ಸ್ಕ್ಯಾನ್ ಮದ್ದನ್ನೂ ಮಾಡಬಹುದು. ಅದರ ಹಿಡಿಕೆ ಎಚ್‌ಬೆಡ್-ಸಿಸಿ, ಕೋಣೆಯ ಉಷ್ಣತೆಯಲ್ಲೇ ಗ್ಯಾಲಿಯಂ ಹಿಡಿಯುತ್ತದೆ, ಬಿಸಿ ಬೇಕಿಲ್ಲ. ನ್ಯೂರೋಎಂಡೋಕ್ರೈನ್ ರೋಗಿಗಳಿಗಿಂತ ಪ್ರಾಸ್ಟೇಟ್ ರೋಗಿಗಳು ಎಷ್ಟೋ ಹೆಚ್ಚು, ಜನರೇಟರ್‌ನ ಖರ್ಚು ಹೊರುವುದು ನಿಜದಲ್ಲಿ ಅವರ ಸಂಖ್ಯೆಯೇ.

‘ಎಫ್‌ಡಿಜಿ ಹೊರಗಿಂದ ಬರುತ್ತದಲ್ಲ, ಡೋಟಾಟೇಟನ್ನೂ ಬೆಂಗಳೂರಿಂದ ತರಿಸಬಾರದೇ?’ ಎಂಬುದು ಆಡಳಿತದವರು ಕೇಳುವ ಪ್ರಶ್ನೆ. ಎಫ್‌ಡಿಜಿ ಎಂದರೆ ಸಾಮಾನ್ಯ ಪೆಟ್ ಸ್ಕ್ಯಾನ್‌ಗೆ ಬಳಸುವ, ಫ್ಲೋರಿನ್-18 ಅಂಟಿಸಿದ ಸಕ್ಕರೆ. ಎಕ್ಸ್‌ಪ್ರೆಸ್‌ವೇ ಎಷ್ಟೇ ಚೆನ್ನಾಗಿರಲಿ, ಪ್ಯಾಕಿಂಗ್, ಕಾಗದಪತ್ರ, ಬೆಂಗಳೂರು ದಾಟುವುದು ಎಲ್ಲ ಸೇರಿ ಮೂರು ಗಂಟೆ ಹಿಡಿಯಿರಿ. ಫ್ಲೋರಿನ್-18 ಆದರೆ 32% ಉಳಿದಿರುತ್ತದೆ, ಗ್ಯಾಲಿಯಂ 16%. ಇಲ್ಲಿ 4 ಮಿಲಿಕ್ಯೂರಿ ಬೇಕಾದರೆ ಅಲ್ಲಿಂದ 25 ಹೊರಡಬೇಕು. ಒಬ್ಬ ರೋಗಿಗಾಗಿ ಅವರ ಒಂದು ಪೂರ್ತಿ ಬ್ಯಾಚ್. ಮದ್ದೂರಿನ ಹತ್ತಿರ ಒಂದು ಲಾರಿ ಅಡ್ಡ ನಿಂತರೆ ಅದೂ ಇಲ್ಲ. ರೋಗಿಯನ್ನೇ ಬೆಂಗಳೂರಿಗೆ ಕಳಿಸುವುದು ಇದಕ್ಕಿಂತ ಮೇಲು.

ಪೆಟ್ ಯಂತ್ರವಿಲ್ಲದೆ ಗಾಮಾ ಕ್ಯಾಮೆರಾ ಮಾತ್ರ ಇರುವಲ್ಲಿ ಟೆಕ್ನೀಷಿಯಂ-99ಎಂ ಹೈನಿಕ್-ಟಾಕ್ ಕಿಟ್ ಇದೆ. ಇದನ್ನು ತಳ್ಳಿಹಾಕುವ ಮನೋಭಾವ ನಮಗೆ ಒಪ್ಪಿಗೆಯಿಲ್ಲ. ಹಿಡಿಯುವುದು ಅದೇ ರಿಸೆಪ್ಟರನ್ನು, ಜನರೇಟರ್ ಹೇಗೂ ಮೂಳೆ ಸ್ಕ್ಯಾನ್‌ಗೆಂದು ಬರುತ್ತಿರುತ್ತದೆ, 6 ಗಂಟೆಯ ಅರ್ಧಾಯುಷ್ಯದಿಂದ ಗಡಿಬಿಡಿ ಇಲ್ಲ. ಯಕೃತ್ತಿನ ದೊಡ್ಡ ಗಂಟುಗಳಲ್ಲಿ ರಿಸೆಪ್ಟರ್ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕದನ್ನು ತಪ್ಪಿಸುತ್ತದೆ, ಕರುಳಿನ ಮೂಲ ಗೆಡ್ಡೆ ಹುಡುಕಲು ಸಾಲದು. ಮೂರು ಆಯಾಮದ ಸ್ಪೆಕ್ಟ್-ಸಿಟಿ ಇಲ್ಲದೆ ಬರೀ ಪ್ಲೇನಾರ್ (ಚಪ್ಪಟೆ) ಚಿತ್ರ ಕೊಡುವುದಾದರೆ ಬೇಡವೇ ಬೇಡ. ತಯಾರಿಯಲ್ಲಿ ಒಂದು ಎಚ್ಚರ: 24 ಗಂಟೆಯೊಳಗೆ ಒಮ್ಮೆ ಕರೆದಿದ್ದ ಜನರೇಟರ್‌ನ ತಾಜಾ ಎಲ್ಯುವೇಟ್ ಬಳಸಿ. ಸೋಮವಾರದ ಮೊದಲ ಎಲ್ಯುವೇಟ್‌ನಲ್ಲಿ ಹಳೆಯ ಟೆಕ್ನೀಷಿಯಂ-99 ತುಂಬಿರುತ್ತದೆ, ಕೆಲವೇ ಮೈಕ್ರೋಗ್ರಾಂ ಪೆಪ್ಟೈಡ್ ಅದಕ್ಕೇ ಖರ್ಚಾಗುತ್ತದೆ. ವಯಲ್‌ಗೆ ಗಾಳಿ ತುಂಬಬೇಡಿ, ಒಳಗಿನ ತವರ ಆಕ್ಸಿಡೈಸ್ ಆದರೆ ಲೇಬಲಿಂಗ್ ಆಗುವುದಿಲ್ಲ.

ಸ್ಕ್ಯಾನ್ ಚಿತ್ರ ಓದುವವರ ಕಡೆಯಿಂದಲೂ ಕಿಟ್‌ಗೆ ಮಿತಿಗಳಿವೆ. ಮೇದೋಜೀರಕದ ಅನ್ಸಿನೇಟ್ ಭಾಗ ಸಹಜವಾಗಿಯೇ ಹೊಳೆಯುತ್ತದೆ, ಅದನ್ನು ಗೆಡ್ಡೆ ಎಂದು ಬರೆದ ವರದಿಗಳು ಅಪರೂಪವಲ್ಲ. ಮೇದೋಜೀರಕದೊಳಗಿನ ಹೆಚ್ಚುವರಿ ಗುಲ್ಮದ ತುಣುಕು, ಮೆನಿಂಜಿಯೋಮಾ (ಮಿದುಳಿನ ಪೊರೆಯ ಗೆಡ್ಡೆ), ಕ್ಷಯದ ದುಗ್ಧಗ್ರಂಥಿ ಇವೂ ಹಾಗೆಯೇ. ನಮ್ಮ ನಾಡಿನಲ್ಲಿ ಕೊನೆಯದನ್ನು ಮರೆಯುವಂತಿಲ್ಲ. ವೇಗವಾಗಿ ಬೆಳೆಯುವ ಉನ್ನತ ದರ್ಜೆಯ ಗೆಡ್ಡೆಗಳು ರಿಸೆಪ್ಟರ್ ಕಳೆದುಕೊಂಡಿರುತ್ತವೆ, ಅಲ್ಲಿ ಎಫ್‌ಡಿಜಿ ಬೇಕು. ಇನ್ಸುಲಿನೋಮಾ, ಅಂದರೆ ಇನ್ಸುಲಿನ್ ಸ್ರವಿಸುವ ಗೆಡ್ಡೆ, ಹಲವು ಬಾರಿ ಡೋಟಾಟೇಟ್‌ಗೆ ಸಿಗುವುದಿಲ್ಲ. ಜಿಎಲ್‌ಪಿ-1 ರಿಸೆಪ್ಟರ್ ಹಿಡಿಯುವ ಎಕ್ಸೆಂಡಿನ್ ಟ್ರೇಸರ್ (ಸ್ಕ್ಯಾನ್‌ಗೆ ಚುಚ್ಚುವ ವಿಕಿರಣ ಮದ್ದು) ಅದಕ್ಕೆ ಮೇಲು.

ಸ್ಕ್ಯಾನ್‌ಗೆ ಹೋಗುವವರಿಗೆ ಒಂದೆರಡು ಮಾತು. ಎಫ್‌ಡಿಜಿಯಂತೆ ಉಪವಾಸ ಅಗತ್ಯವಿಲ್ಲ, ಮಂಡ್ಯದಿಂದ ಬೆಳಗಿನ ರೈಲಿಗೆ ಹೊರಡುವವರು ಹಗುರವಾಗಿ ತಿಂದೇ ಬರಬಹುದು. ಕೇಂದ್ರದವರು ಬೇರೆ ಹೇಳಿದ್ದರೆ ಅವರ ಮಾತು ಕೇಳಿ. ನೀರು ಚೆನ್ನಾಗಿ ಕುಡಿಯಿರಿ, ಸ್ಕ್ಯಾನ್‌ಗೆ ಮುಂಚೆ ಮೂತ್ರ ಮಾಡಿ. ತಿಂಗಳಿಗೊಮ್ಮೆ ಆಕ್ಟ್ರಿಯೋಟೈಡ್ (ಇದೇ ರಿಸೆಪ್ಟರ್‌ಗೆ ಅಂಟುವ ಔಷಧ) ಲಾಂಗ್ ಆಕ್ಟಿಂಗ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಮುಂದಿನ ಡೋಸ್‌ಗೆ ಸ್ವಲ್ಪ ಮುಂಚಿನ ದಿನವನ್ನು ಸ್ಕ್ಯಾನ್‌ಗೆ ಕೇಳಿ ಪಡೆಯಿರಿ. ದಿನವಹಿ ಚುಚ್ಚುಮದ್ದಾದರೆ ಎಷ್ಟು ಗಂಟೆ ಮೊದಲು ನಿಲ್ಲಿಸಬೇಕೆಂದು ನಿಮ್ಮ ವೈದ್ಯರೇ ಹೇಳಬೇಕು, ನೀವಾಗಿಯೇ ನಿಲ್ಲಿಸಬೇಡಿ. ಗರ್ಭಿಣಿಯಾಗಿದ್ದರೆ, ಹಾಲುಣಿಸುತ್ತಿದ್ದರೆ ಬುಕ್ ಮಾಡುವಾಗಲೇ ತಿಳಿಸಿ. ಹಾಲುಣಿಸುವವರು 12 ಗಂಟೆ ನಿಲ್ಲಿಸಬೇಕಾಗುತ್ತದೆ. ಚುಚ್ಚುಮದ್ದಾದ 40ರಿಂದ 90 ನಿಮಿಷದೊಳಗೆ ಚಿತ್ರ ತೆಗೆಯಬೇಕು.

ವರದಿ ಕೈಗೆ ಬಂದಾಗ ಟ್ರೇಸರ್‌ನ ಪೂರ್ತಿ ಹೆಸರು, ಕೊಟ್ಟ ಮಿಲಿಕ್ಯೂರಿ, ಚುಚ್ಚಿದ ಮತ್ತು ಚಿತ್ರ ತೆಗೆದ ಸಮಯ, ಕೊನೆಯ ಆಕ್ಟ್ರಿಯೋಟೈಡ್ ದಿನಾಂಕ, ಕ್ರೆನ್ನಿಂಗ್ ಅಂಕ ಇವೆಯೇ ನೋಡಿ. ಆ ದಿನದ ಬ್ಯಾಚ್‌ನ ರೇಡಿಯೋಕೆಮಿಕಲ್ ಶುದ್ಧತೆ ಎಷ್ಟು ಬಂತು ಎಂದು ಕೇಳುವ ಹಕ್ಕು ನಿಮಗೂ, ನಿಮ್ಮನ್ನು ಕಳಿಸಿದ ವೈದ್ಯರಿಗೂ ಇದೆ. ಪುಸ್ತಕ ತೆರೆದು ಸಂಖ್ಯೆ ತೋರಿಸುವ ಕೇಂದ್ರದಲ್ಲೇ ಮುಂದಿನ ಸ್ಕ್ಯಾನನ್ನೂ ಮಾಡಿಸಿ, ಹಳೆಯ ಸಿಡಿಯನ್ನು ಜೊತೆಗೆ ಒಯ್ಯಿರಿ. ಹೋಲಿಕೆ ನಂಬಬಹುದಾದದ್ದು ಅದೇ ಟ್ರೇಸರ್, ಅದೇ ಯಂತ್ರ, ಚುಚ್ಚಿದ ಮೇಲೆ ಅಷ್ಟೇ ಕಾದ ಸಮಯ ಇದ್ದಾಗ.